ಜೂನ್ ಒಂದರ ಹುಡುಗಿ

"ಮುಷ್ಟಿ ಬಿಗಿ ಮಾಡಿಮ್ಮ... ಹಾಂ, ಹಂಗೇ. ವಯಸ್ಸೆಷ್ಟು?"

ತೋಳಿಗೆ ರಬ್ಬರ್ ಪಟ್ಟಿ ಕಟ್ಟುತ್ತಾ, ಮುಖ ಎತ್ತದೆಯೇ ಕೇಳಿದಳು ಪ್ರಮೀಳಾ. ತುಮಕೂರಿನ ಬಿ.ಎಚ್. ರಸ್ತೆಯ ಆ ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವಳ ಕೆಲಸ. ಬೆಳಗಿನಿಂದ ಈ ಪ್ರಶ್ನೆಯನ್ನು ಎಷ್ಟು ಜನಕ್ಕೆ ಕೇಳಿದ್ದಳೋ! ಊರ್ಡಿಗೆರೆ ಕಡೆಯ ಅಜ್ಜಿಯೊಬ್ಬಳು, "ಐವತ್ತೋ ಅರವತ್ತೋ, ನಿಂಗೆ ಚೆಂದ ಕಂಡಿದ್ದು ಬರ್ಕೊಳವ್ವ" ಎಂದು ನಗಿಸಿ ಹೋಗಿದ್ದಳು.

"ಐವತ್ತಾರು," ಎಂದರು ಕುರ್ಚಿಯಲ್ಲಿದ್ದ ಹೆಂಗಸು. ಅವಳನ್ನೇ ನೋಡುತ್ತಾ, "ನಿಂಗೆಷ್ಟಮ್ಮ?" ಎಂದರು.

ಪ್ರಮೀಳಾ ತಲೆ ಎತ್ತಿದಳು. ಹೆಂಗಸಿನ ಹಿಂದೆ, ಬಾಗಿಲ ಬಳಿ ನಿಂತಿದ್ದವನು ಅಂಜನ್‌ಕುಮಾರ್!

ಎರಡು ವರ್ಷದಿಂದ ಪ್ರೀತಿಸುತ್ತಿದ್ದವನು. ಕುಣಿಗಲ್‌ನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. 'ಅಮ್ಮನ್ನ ಒಂದಿನ ಕರ್ಕೊಂಡ್ ಬರ್ತೀನಿ' ಅಂದಿದ್ದನೇನೋ ನಿಜ. ಆದರೆ ಇವತ್ತೇ? ಹೀಗೆ, ಕೈಯಲ್ಲಿ ಸೂಜಿ ಹಿಡಿದಿರುವಾಗಲೇ?

"ಇಪ್ಪತ್ತೆಂಟು..." ಎಂದಳು. ನರ ಮುಟ್ಟಿ ನೋಡಿ ಸೂಜಿ ಚುಚ್ಚಿದಳು.

ಅಂಜನ್‌ನ ತಾಯಿ ಶಕುಂತಲಮ್ಮ ಕಣ್ಣು ಸಹ ಮಿಟುಕಿಸಲಿಲ್ಲ. "ನಮ್ಮೋನಿಗೆ ಇಪ್ಪತ್ತೊಂಬತ್ತು. ಒಂದು ವರ್ಷ ಚಿಕ್ಕೋಳು, ಸರಿಯಾಗೈತೆ. ಹುಟ್ಟಿದ್ದು ಯಾವತ್ತು?"

"ಜೂನ್ ಒಂದು, ಅಮ್ಮ."

"ತಂಗಿ ಇದಾಳಂತಲ್ಲ? ಅವಳು?"

"ಮುಂದಿನ ವರ್ಷದ ಜನವರಿ ಹತ್ತು..." ಎಂದವಳು ಹತ್ತಿ ಒತ್ತಿ ಹಿಡಿದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಶಕುಂತಲಮ್ಮ ಬೆರಳು ಮಡಚುತ್ತಾ ಹೋದರು. ಜೂನ್, ಜುಲೈ, ಆಗಸ್ಟ್... ಬೆರಳು ನಿಂತವು.

"ಏಳು ತಿಂಗಳಿಗೆ ಇನ್ನೊಂದು ಮಗೂನಾ? ನಿಮ್ಮಮ್ಮ ಭಾರಿ ಗಟ್ಟಿಗಿತ್ತಿ ಬುಡು!"

ಕಾಯುತ್ತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಶಕುಂತಲಮ್ಮ ನಗಲಿಲ್ಲ.

"ಇಬ್ರಲ್ಲಿ ಒಬ್ರುದು ಸುಳ್ಳು. ನಮ್ಮನೇಲಿ ಹುಡುಗನ್ಗಿಂತ ಹುಡುಗಿ ದೊಡ್ಡೋಳಾದ್ರೆ ತರೋ ಪದ್ಧತಿ ಇಲ್ಲ ಕಣಮ್ಮ. ನಿಮ್ಮಮ್ಮನ್ನ ಕೇಳಿ, ಸರಿಯಾದ ತಾರೀಖು, ಗಳಿಗೆ ಹೇಳು. ಜಾತಕ ಬರೆಸ್ಬೇಕು."

ಅವರು ಎದ್ದು ಹೋದರು. ಅಂಜನ್ ಮಾತ್ರ ಒಂದು ಹೆಜ್ಜೆ ಹಿಂದೆ ಉಳಿದ.

"ಪ್ರಮೀ, ನಿಜ ಹೇಳು. ನಿಂಗೆ ಗೊತ್ತಿತ್ತಾ?"

ಏನು ಹೇಳುವುದು? ಈ ಏಳು ತಿಂಗಳ ಲೆಕ್ಕಕ್ಕೆ ಶಾಲೆಯಲ್ಲೂ ಎಲ್ಲರೂ ನಗುತ್ತಿದ್ದರು. ತಂಗಿಯದೇ ತಪ್ಪಿರಬೇಕು ಎಂದುಕೊಂಡೇ ಬೆಳೆದವಳು ಅವಳು. ಆದರೆ ಮೈ ನೆರೆದದ್ದು ಕ್ಲಾಸಿನಲ್ಲಿ ಎಲ್ಲರಿಗಿಂತ ಮೊದಲು ತಾನೇ ಅಲ್ಲವೇ? ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಎತ್ತರ ನಿಲ್ಲುತ್ತಿದ್ದವಳೂ ತಾನೇ... ಅವಳು ತಲೆ ತಗ್ಗಿಸಿ ರಕ್ತದ ಟ್ಯೂಬಿಗೆ ಹೆಸರಿನ ಚೀಟಿ ಅಂಟಿಸತೊಡಗಿದಳು.

ಆ ತಗ್ಗಿದ ತಲೆಯನ್ನು ಅವನು ತನಗೆ ತಿಳಿದಂತೆ ಓದಿಕೊಂಡ.

"ನನ್ ಹತ್ರನೂ ಸುಳ್ಳಾ?" ಎಂದವನೇ ಮೆಟ್ಟಿಲಿಳಿದು ಹೋಗಿಬಿಟ್ಟ.

ಆಮೇಲೆ ಅವನ ಫೋನಿಲ್ಲ. ಇವಳೂ ಮಾಡಲಿಲ್ಲ. ಮಾಡಿ ಹೇಳುವುದಾದರೂ ಏನು? ತನ್ನ ವಯಸ್ಸು ತನಗೇ ಗೊತ್ತಿಲ್ಲ ಅಂತಲೇ?

* * *

ಭಾನುವಾರ ಊರಿಗೆ ಹೋದಳು. ಗುಬ್ಬಿ ತಾಲ್ಲೂಕು, ಸಿ.ಎಸ್. ಪುರದಿಂದ ಒಳಗೆ. ತೆಂಗಿನ ತೋಟದ ಅಂಚಿನ ಮನೆಯ ಮುಂದೆ ತಾಯಿ ಚಿಕ್ಕಗಂಗಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

"ಏನೇ, ಹೇಳ್ದೆ ಕೇಳ್ದೆ ಬಂದ್ಬಿಟ್ಟೆ? ಮುಖ ಯಾಕಂಗ್ ಬಾಡೈತೆ?"

"ಅಮ್ಮ, ನಾನು ಹುಟ್ಟಿದ್ದು ಯಾವತ್ತು?"

ಚಿಕ್ಕಗಂಗಮ್ಮನ ಕೈ ಅರೆಗಳಿಗೆ ನಿಂತು, ಮತ್ತೆ ಸುಲಿಯತೊಡಗಿತು. "ಇಸ್ಕೂಲಲ್ಲಿ ಬರ್ದವ್ರಲ್ಲ, ಅದೇಯ."

"ಅದು ಮೇಷ್ಟ್ರು ಬರ್ದಿದ್ದು. ನೀನು ಹೆತ್ತಿದ್ದು ಯಾವತ್ತು?"

"ಯಾರ್ಗೆ ಗೆಪ್ತಿ ಇರ್ತದೆ ಅದೆಲ್ಲ... ಈಗ್ಯಾಕೆ?"

"ತಂಗಿ ಸುಶ್ಮಿತಾ ಹುಟ್ಟಿದ್ ದಿನ ಗೆಪ್ತಿ ಇದೆಯಲ್ಲ ನಿಂಗೆ! ನಂದ್ಯಾಕಿಲ್ಲ? ಅಮ್ಮ, ಅಂಜನ್ ನನ್ನ ಬಿಟ್ಟುಬಿಡ್ತಾನೆ..."

ದನಿ ಒಡೆಯಿತು. ಚಿಕ್ಕಗಂಗಮ್ಮ ಮೊರ ಪಕ್ಕಕ್ಕಿಟ್ಟಳು.

"ಅವಳನ್ನ ಗುಬ್ಬಿ ಆಸ್ಪತ್ರೇಲಿ ಹೆತ್ತಿದ್ದು. ಅಲ್ಲೇ ಬರ್ಕೊಟ್ರು. ನೀನು ಮನೇಲಿ. ಇಸ್ಕೂಲು ಎರಡು ಮೈಲಿ ದೂರ, ನಿನ್ನೊಬ್ಳನ್ನೇ ಹೆಂಗ್ ಕಳ್ಸದು? ನೀನು ಹೋದ್ರೆ ಅವಳನ್ನ ಎತ್ತಾಡ್ಸೋರು ಯಾರು? ಅವಳೂ ದೊಡ್ಡೋಳಾಗ್ಲಿ ಅಂತ ಕಾದು, ಇಬ್ರನ್ನೂ ಒಂದೇ ದಿನ ಸೇರ್ಸಿದ್ವಿ. ಮೇಷ್ಟ್ರು, ಈ ದೊಡ್ಡೋಳಿಗೆ ಒಂದನೇ ಕ್ಲಾಸಿಗೆ ವಯಸ್ಸು ಮೀರೈತೆ ಅಂದ್ರು. ನಿಮ್ಮಪ್ಪ, ನೀವೇ ಹೊಂದಿಸ್ಕಳಿ ಸಾ ಅಂದ್ರು. ಅವ್ರು ವಯಸ್ಸು ಇಳ್ಸಿ ಹೊಂದಿಸ್ಕಂಡ್ರು."

"ಹಂಗಾದ್ರೆ ನಿಜವಾಗ್ಲೂ ಯಾವತ್ತು?"

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಕಣ್ಣುಗಳಲ್ಲಿ ಇದ್ದದ್ದು ಮರೆವಲ್ಲ. ಭಯ!

"ದೀಪಾವಳಿ ಅಮಾಸೆ ಮಾರ್ನೇ ದಿನ. ಮಂಗಳವಾರ, ಬೆಳಗ್ಗೆ. ಗ್ರಹಣ ಹಿಡ್ದಿತ್ತು ಕಣೇ... ಸೂರ್ಯಗ್ರಹಣ! ಬಸುರಿ ಅಂತ ನನ್ನ ಕತ್ಲು ಕೋಣೇಲಿ ಕೂರ್ಸಿ ಬಾಗಿಲು ಹಾಕಿದ್ರು. ಊರಲ್ಲಿ ಒಂದು ನರಪಿಳ್ಳೆ ಆಚೆ ಬಂದಿರ್ಲಿಲ್ಲ. ಅಷ್ಟ್ರಲ್ಲಿ ನೋವು ಶುರುವಾಯ್ತು. ಸೂಲಗಿತ್ತಿ ಹನುಮಕ್ಕ ಒಬ್ಳೇಯ, ಗ್ರಹಣ ಗಿಹಣ ನೋಡ್ದಂಗೆ ಓಡಿಬಂದ್ಲು. ಗ್ರಹಣ ಬುಡೋ ಹೊತ್ಗೆ ನೀನು ಅತ್ತೆ."

"ಅಮ್ಮ..."

"ನಿಮ್ಮಜ್ಜಿ ಒಂದು ತಿಂಗ್ಳು ನಿನ್ನ ಮುಖ ನೋಡ್ಲಿಲ್ಲ. ಗ್ರಹಣದ ಕೂಸು, ಮನೆಗಾಗಲ್ಲ ಅಂದ್ರು. ಮೇಷ್ಟ್ರು ಜೂನ್ ಒಂದು ಅಂತ ಬರ್ದಾಗ ನಂಗೆ ಎಂಥ ಸಮಾಧಾನ ಆಯ್ತು ಗೊತ್ತಾ? ನನ್ ಮಗಳಿಗೆ ಒಳ್ಳೇ ದಿನ ಸಿಕ್ತು ಅನ್ಕೊಂಡೆ."

ಪ್ರಮೀಳಾ ಜಗಲಿಯ ಮೇಲೆ ಕೂತು ಫೋನ್ ತೆಗೆದಳು. ಮೊಬೈಲಿನಲ್ಲಿ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಊರಿಗೆಲ್ಲ ಕಂಡ ಗ್ರಹಣ ಮುಚ್ಚಿಡಲಾಗುತ್ತದೆಯೇ? ಸಾವಿರದ ಒಂಬೈನೂರ ತೊಂಬತ್ತೈದು, ಅಕ್ಟೋಬರ್ ಇಪ್ಪತ್ತನಾಲ್ಕು, ಮಂಗಳವಾರ.

ಅಂದರೆ ತನಗೆ ಮೂವತ್ತು ತುಂಬಿದೆ.

ಅಂಜನ್ ಹುಟ್ಟಿದ್ದು ಅದರ ಮುಂದಿನ ಜೂನ್‌ನಲ್ಲಿ. ಅವನಿಗಿಂತ ತಾನು ಎಂಟು ತಿಂಗಳು ದೊಡ್ಡವಳು!

ಬೇಡವೆನ್ನಲು ಒಂದಲ್ಲ, ಎರಡು ಕಾರಣ ಸಿಕ್ಕವು ಶಕುಂತಲಮ್ಮನಿಗೆ, ಎಂದುಕೊಂಡಳು.

"ಯಾರಿಗೂ ಹೇಳ್ಬೇಡ ಕಣವ್ವ," ತಾಯಿ ಅವಳ ಗಲ್ಲ ಹಿಡಿದಳು. "ಇಷ್ಟು ವರ್ಷ ಮುಚ್ಕೊಂಡಿದೀನಿ."

ಪ್ರತಿ ದೀಪಾವಳಿಯ ಮಾರನೇ ಬೆಳಿಗ್ಗೆ ತಾಯಿ ತನ್ನ ತಲೆಗೆ ಎಣ್ಣೆ ಒತ್ತಿ ಸುಮ್ಮನೆ ಅಳುತ್ತಿದ್ದುದು ಏಕೆಂದು ಪ್ರಮೀಳಾಳಿಗೆ ಅಂದು ತಿಳಿಯಿತು.

* * *

ಸಂಜೆ ತುಮಕೂರಿನಲ್ಲಿ ಬಸ್ಸಿಳಿದಾಗ ಅವನೇ ನಿಂತಿದ್ದ! ಇವಳು ಊರಿಂದ ಬರುವ ಹೊತ್ತನ್ನು ತಂಗಿ ಸುಶ್ಮಿತಾ ಹೇಳಿದ್ದಳಂತೆ.

"ಅಮಾನಿಕೆರೆ ಹತ್ರ ಹೋಗೋಣ ಬಾ," ಎಂದ.

ಏರಿಯ ಮೇಲೆ ತಣ್ಣನೆ ಗಾಳಿ. ವಾಕಿಂಗ್ ಬಂದವರ ನಡುವೆ ಇಬ್ಬರೂ ನಡೆದರು. ಕೊನೆಗೆ ಪ್ರಮೀಳಾ ನಿಂತಳು. ಹೇಳಿಬಿಡಬೇಕು. ಇನ್ನೊಂದು ಹೆಜ್ಜೆ ಇಟ್ಟರೆ ಧೈರ್ಯ ಸಾಲದು.

"ನಂಗೆ ಮೂವತ್ತು. ನಿಮಗಿಂತ ಎಂಟು ತಿಂಗಳು ದೊಡ್ಡೋಳು. ಹುಟ್ಟಿದ್ದು ಗ್ರಹಣದಲ್ಲಿ. ಇವತ್ತು ಮಧ್ಯಾಹ್ನದವರ್ಗೂ ನಂಗೆ ಗೊತ್ತಿರ್ಲಿಲ್ಲ. ನಂಬೋದಾದ್ರೆ ನಂಬಿ... ಇಲ್ಲಾಂದ್ರೆ ಇಲ್ಲಿಂದ್ಲೇ ಹೊರಟೋಗಿ."

ಅಂಜನ್ ಕೆರೆಯ ಕಡೆ ನೋಡುತ್ತಾ ನಿಂತ.

"ನನ್ ಖೋಖೋ ಟೀಮಲ್ಲಿ ಅರ್ಧ ಹುಡ್ಗೀರು ಇಸ್ಕೂಲ್ ದಾಖಲೇಲಿ ಜೂನ್ ಒಂದಕ್ಕೇ ಹುಟ್ಟವ್ರೆ ಪ್ರಮೀ. ಒಬ್ಳನ್ನೂ ಸುಳ್ಳಿ ಅಂದಿಲ್ಲ ನಾನು," ಎಂದ ಮೆಲ್ಲಗೆ. "ನಿನ್ನೊಬ್ಳನ್ನೇ ಅಂದೆ."

ಅವಳ ಕಣ್ಣು ತುಂಬಿ ಬಂತು.

"ದೊಡ್ಡೋಳು ಅಂತ ಬೇಜಾರಿಲ್ವಾ?"

"ಬೇಜಾರೇ! ಎರಡು ವರ್ಷದಿಂದ ಬೈಯೋಕೆ ಹಕ್ಕಿದ್ದೋಳು ಸುಮ್ನೆ ನೀವು, ತಾವು ಅಂತ ಮರ್ಯಾದೆ ಕೊಟ್ಕೊಂಡಿದ್ಯಲ್ಲ. ಎಲ್ಲಿ, ಒಂದ್ಸಲ ಏನ್ಲಾ ಅನ್ನು ನೋಡೋಣ."

"ಹೋಗೋ..." ಎಂದಳು ಅಳುತ್ತಲೇ. ನಗುವೂ ಬಂದುಬಿಟ್ಟಿತು.

"ಆಹಾ! ಇನ್ನೊಂದ್ಸಲ."

"ಇಲ್ಲ. ಇನ್ನೊಂದ್ಸಲ ಮದುವೆ ಆದ್ಮೇಲೆ."

ಅವನು ಅವಳ ಕೈ ಹಿಡಿದುಕೊಂಡ. ಆ ಬೆಚ್ಚಗಿನ ಅಂಗೈಯಲ್ಲಿ ಅಷ್ಟೂ ದಿನಗಳ ಚಳಿ ಕರಗಿತು.

"ನೋಡು, ಅಮ್ಮಂಗೆ ಇದೆಲ್ಲ ಬೇಡ," ಎಂದ ಬಸ್ ನಿಲ್ದಾಣದ ಕಡೆ ವಾಪಸು ನಡೆಯುತ್ತಾ. "ನಿನ್ ತಂಗೀದೇ ತಪ್ಪು ಅಂತ ಹೇಳ್ತೀನಿ. ಜಾತಕಕ್ಕೆ ಜೂನ್ ಒಂದೇ ಕೊಡೋಣ. ಅಮ್ಮ ಒಪ್ಕೊಂಡ್ರೆ ಮುಗೀತಲ್ಲ? ನಿಜ ಗೊತ್ತಾದ್ರೆ ಅವ್ರು ಒಪ್ಪಲ್ಲ. ಅವ್ರನ್ನ ಬಿಟ್ಟು ಬರೋಕೆ ನನ್ ಕೈಲಾಗಲ್ಲ. ನಿನ್ನನ್ನೂ ಬಿಡಕ್ಕಾಗಲ್ಲ."

"ಹೂಂ," ಎಂದಳು ಪ್ರಮೀಳಾ.

"ನಿಶ್ಚಿಂತೆಯಾಗಿರು. ನಾನ್ ನೋಡ್ಕೋತೀನಿ."

"ಹುಷಾರಾಗ್ ಹೋಗಿ," ಎಂದಳು.

ಕುಣಿಗಲ್ ಬಸ್ಸಿನ ಕಿಟಕಿಯಿಂದ ಅವನು ಕೈ ಬೀಸಿದ. ಇವಳೂ ಬೀಸಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಎಷ್ಟು ಸುಲಭ! ಒಂದು ತಾರೀಖು. ಶಕುಂತಲಮ್ಮ ನಗುನಗುತ್ತಾ ಮನೆ ತುಂಬಿಸಿಕೊಳ್ಳುತ್ತಾರೆ. ಆಮೇಲೆ ಪ್ರತಿ ವರ್ಷ ಜೂನ್ ಒಂದಕ್ಕೆ ಪಾಯಸ ಮಾಡಿ ಬಡಿಸಬಹುದು. ತಾನು ಉಣ್ಣಬೇಕು. ದೀಪಾವಳಿಯ ಮಾರನೇ ದಿನ ಅವರ ಮುಖ ನೋಡಲಾಗದೆ ಅಡುಗೆಮನೆಯಲ್ಲಿ ಸುಮ್ಮನೆ ಅಳಬೇಕು. ಅಮ್ಮ ಅಳುತ್ತಿದ್ದ ಹಾಗೆ.

ಹೇಳಿದರೆ? ಅಂಜನ್ ಸಿಗದೇ ಹೋಗಬಹುದು.

ಫೋನು ಬಡಿದುಕೊಂಡಿತು. ತಾಯಿ.

"ಅವ್ನು ಬಂದಿದ್ನಂತೆ, ಸುಶ್ಮಿತಾ ಅಂದ್ಲು. ಏನಂದ್ನೇ? ಒಪ್ಕೊಂಡ್ನಾ?"

"ಒಪ್ಕೊಂಡ ಅಮ್ಮ."

"ಅವ್ರಮ್ಮಂಗೆ ಹೇಳಲ್ಲ ತಾನೇ?"

"ಉಂಡು ಮಲ್ಕೋ ಅಮ್ಮ. ಚಳಿ ಇದೆ, ಆಚೆ ಕೂರ್ಬೇಡ," ಎಂದು ಫೋನಿಟ್ಟಳು.

ಆಮೇಲೆ ಲ್ಯಾಬಿನ ಯಜಮಾನರಿಗೆ ಫೋನ್ ಮಾಡಿ ನಾಳೆಗೆ ರಜೆ ಕೇಳಿದಳು. ಯಾಕಮ್ಮ, ಏನ್ ವಿಶೇಷ ಎಂದರು ಅವರು. ಸ್ವಲ್ಪ ಕೆಲಸ ಇದೆ ಸಾರ್ ಎಂದಳಷ್ಟೇ.

ಅಂಜನ್ ಶಾಲೆಗೆ ಹೊರಡುವುದು ಎಂಟೂವರೆಗೆ. ಆಮೇಲೆ ಮನೆಯಲ್ಲಿ ಶಕುಂತಲಮ್ಮ ಒಬ್ಬರೇ ಇರುತ್ತಾರೆ; ಅವರು ಕೇಳಿದ ತಾರೀಖು, ಗಳಿಗೆ ತಾನೇ ಹೇಳಬಹುದು. ಕುಣಿಗಲ್‌ಗೆ ಬೆಳಿಗ್ಗೆ ಎಂಟರ ಮೇಲೆ ಯಾವ ಬಸ್ಸಿದೆ ಎಂದು ವಿಚಾರಿಸಲು ಪ್ರಮೀಳಾ ನಿಲ್ದಾಣದ ಒಳಗೆ ನಡೆದಳು.