ಒಂಬತ್ತು ಪಾದದ ಕೋಣೆ

“ಎಲ್ಲಾ ಅಳೀರಿ ಸಾಹೇಬ್ರ, ಆ ಒಳಗಿನ ಖೋಲಿ ಮಾತ್ರ ಪಾದ ಹಚ್ಚಿ ಅಳೀಬ್ಯಾಡ್ರಿ. ಒಂಬತ್ತಕ್ಕ ಬಂತಂದ್ರ ಅದು ಬಿಡೂದಿಲ್ಲ,” ಎಂದಳು ಚಂದವ್ವ. ಬದಲಾಪುರದಾಚೆ ಹೊಲಗಳ ನಡುವೆ ನಿಂತ ಆ ಕರಿಗಲ್ಲಿನ ಮನೆಯನ್ನು ನಲವತ್ತು ವರ್ಷ ಗುಡಿಸಿಕೊಂಡು ಬಂದ ಮುದುಕಿ ಅವಳು. ವಿಜಾಪುರದ ಕಡೆಯಿಂದ ಕಲ್ಲುಕೆಲಸಕ್ಕೆ ಬಂದವರ ಮಗಳು. ಹೇಳುವಾಗ ಬಸಲಿಂಗಪ್ಪನ ಮುಖ ನೋಡದೆ ಕೈಯಲ್ಲಿದ್ದ ಕಸಬರಿಗೆಯನ್ನೇ ನೋಡುತ್ತಿದ್ದಳು.

ಬಸಲಿಂಗಪ್ಪ ನಕ್ಕುಬಿಟ್ಟ. “ಒಂಬತ್ತ ಪಾದ ಸತ್ತವರ ಕುಣಿಗೆ, ಯವ್ವಾ. ಇದು ಮನಿ.”

ಅವನ ಮಂದಿಯಲ್ಲಿ ಸತ್ತವರ ಪಾದದಿಂದಲೇ ಒಂಬತ್ತು ಪಾದ ಅಳೆದು ಕುಣಿ ತೋಡುತ್ತಾರೆ. ಅದರ ಗೋಡೆಯಲ್ಲಿ ಮೂರು ಮೂಲೆಯ ಗೂಡು ಕೊರೆದು ಹೆಣವನ್ನು ಕೂಡಿಸಿ ಮಣ್ಣು ಮುಚ್ಚುತ್ತಾರೆ. ಅದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಅವನು ಠಾಣೆ ಶಹರದ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು. ಅಳತೆಗೆ ಹೆದರಿದರೆ ಅನ್ನ ಹುಟ್ಟುವುದು ಹೇಗೆ?

ವಿಠ್ಠಲವಾಡಿಯ ಚಾಳಿನ ಒಂದೇ ಕೋಣೆ, ನಲ್ಲಿಯ ಮುಂದಿನ ಜಗಳ ಸಾಕಾಗಿ, ೧೯೭೯ರ ಬೇಸಿಗೆಯಲ್ಲಿ ಅವನು ಮಾಲಕರ ದೂರದ ನೆಂಟರಿಂದ ಈ ಮನೆ ಬಾಡಿಗೆಗೆ ಹಿಡಿದಿದ್ದ. ಮನೆಯನ್ನು ಕಂಡು ಮರುಳಾಗಿದ್ದ ಎಂದರೂ ಸರಿಯೇ. ಎರಡೂವರೆ ಅಡಿ ದಪ್ಪದ ಗೋಡೆ. ಬೆಲ್ಲದ ನೀರು ಹಾಕಿ ಅರೆದ ಸುಣ್ಣದ ಗಾರೆ. ಕಲ್ಲಿಗೂ ಕಲ್ಲಿಗೂ ನಡುವೆ ಬ್ಲೇಡು ತೂರದಂಥ ಕೂಡಿಕೆ. ಹೆಂಡತಿ ನೀಲಗಂಗಾಳಿಗೆ ಒಂದೊಂದನ್ನೂ ತಟ್ಟಿ ತೋರಿಸಿದ. ಕೊನೆಗೆ ಕಿಟಕಿಯಿಲ್ಲದ ಆ ಒಳಕೋಣೆಗೆ ಬಂದರು. ತಂಪು ಕತ್ತಲೆ, ಬಾವಲಿಯ ನಾತ. ಎದುರಿನ ಗೋಡೆಯಲ್ಲಿ ಮೂರು ಮೂಲೆಯ ದೊಡ್ಡ ಗೂಡು.

ಚಂದವ್ವನಿಗೆ ಕೇಳಲೆಂದೇ ಗಟ್ಟಿಯಾಗಿ ಎಣಿಸುತ್ತ ಅವನು ಹಿಮ್ಮಡಿಗೆ ಬೆರಳು ಹಚ್ಚಿ ನಡೆದ. ಹತ್ತಕ್ಕೆ ತುಸು ಕಡಿಮೆ. ನೀಲಗಂಗಾ ಒಲ್ಲೆ ಎಂದಳು. ಕೈ ಹಿಡಿದು ಎಳೆದು ನಡೆಸಿದ. ಹನ್ನೊಂದು. “ಪಪ್ಪಾ, ಮೈ ಭೀ,” ಎಂದು ಐದು ವರ್ಷದ ಈರಿ ತಾನೇ ಓಡಿ ಬಂದು ಪುಟ್ಟ ಪಾದ ಹಚ್ಚಿದಳು. ಹದಿನೈದು.

“ನೋಡಬೇ, ಯಾರದೂ ಒಂಬತ್ತಿಲ್ಲ,” ಎಂದ. ಚಂದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು.

ನಕ್ಷೆಯಲ್ಲಿ ಆ ಕೋಣೆಯ ಉದ್ದ ಎಂಟಡಿ ಎರಡಂಗುಲ ಎಂದು ಬರೆದುಕೊಂಡ. ವಾರ ಕಳೆದು ಟೇಪು ಹಿಡಿದರೆ ನಾಲ್ಕಂಗುಲ ಕಡಿಮೆ. ಟೇಪನ್ನು ಬೈದ. ಕಚೇರಿಯಿಂದ ಉಕ್ಕಿನ ಟೇಪು ತಂದ. ಇನ್ನೂ ಎರಡಂಗುಲ ಹೋಗಿತ್ತು. ಗಾರೆ ಬಿರಿದಿರಲಿಲ್ಲ, ಕಲ್ಲು ಕದಲಿರಲಿಲ್ಲ. ಭಾನುವಾರದ ಮಟಮಟ ಮಧ್ಯಾಹ್ನ ಗೋಡೆಯೊಳಗಿಂದ ಉಳಿಯ ಸದ್ದು ಬಂತು. ಠಣ್. ಠಣ್. ಜೊತೆಗೆ ಸುಟ್ಟ ಕೂದಲಿನ ವಾಸನೆ. ಅವನು ಚಂದವ್ವನ ಗುಡಿಸಲಿಗೆ ಓಡಿದ.

“ಮನಿ ಕಟ್ಟಿದಾಂವ ನಮ್ಮಪ್ಪ, ಬಾಳಪ್ಪ,” ಎಂದಳು ಮುದುಕಿ. “ಕಲ್ಲ ಹೊರೂವಾಗ ನಮ್ಮವ್ವ ಸತ್ಲು. ಹೂಳಾಕ ಆರಡಿ ಜಾಗಾ ಬೇಡಿದ್ರ ಮಾಲಕ ಕೊಡಲಿಲ್ಲ. ಹೆಣಾ ಹೊಳಿಗೆ ಎಸಿಸಿದ. ನಮ್ಮಪ್ಪ ಆಕೀ ಕೂದಲ ಸುಟ್ಟು ಸುಣ್ಣದಾಗ ಅರದು, ಆಕೀ ಪಾದದ್ಲೆ ಒಂಬತ್ತ ಅಳದು, ಮ್ಯಾಲೊಂದು ಮೊಳಾ ಬಿಟ್ಟು ಆ ಖೋಲಿ ಕಟ್ಟಿದ. ‘ಇಲ್ಲಿ ಪಾದ ಹಚ್ಚಿದವರಿಗೆ ಇದು ಕುಣಿ ಆಗಲಿ’ ಅಂದ. ಮಾಲಕನ ಮನ್ಯಾಗ ಒಬ್ಬರೂ ಉಳೀಲಿಲ್ರಿ.”

“ನಾವು ಊರಿಗೆ ಹೋಗಿಬಿಡ್ತೀವಿ.”

“ಎಲ್ಲಿ ಹೋದ್ರೂ ಅದರ ಕಡೆ ನಿಮ್ಮ ಅಳತಿ ಅದ. ದೊಡ್ಡ ಪಾದದವರಿಂದ ಸುರು ಆಗ್ತದ. ಅವ್ರು ಗೂಡಿನ್ಯಾಗ ಕುಂತ್ರ ಅಲ್ಲಿಗೆ ಮುಗೀತು. ಕುಂದರಲಿಲ್ಲಂದ್ರ ಮುಂದಿನವರಿಗೆ ಸರೀತದ.”

ಗುರುವಾರ ಬೆಳಗ್ಗೆ ಅವನೊಬ್ಬನೇ ಒಳಗೆ ಹೋಗಿ ಪಾದ ಹಚ್ಚಿದ. ಒಂಬತ್ತನೆಯ ಹೆಜ್ಜೆಯ ಹೆಬ್ಬೆರಳು ಕಲ್ಲಿಗೆ ತಾಗಿತು. ಗೂಡು ಎದುರಿಗೇ ಇತ್ತು. ಅಂಗಳದಲ್ಲಿ ಈರಿ ನಗುತ್ತಿದ್ದಳು. ಅವನಿಗೆ ಎಲ್ಲ ಗೊತ್ತಿತ್ತು. ಕಾಲು ಮುಂದೆ ಬರಲಿಲ್ಲ. ಹೊರಗೆ ಬಂದು ಚಿಲಕ ಹಾಕಿದ. ಹೆಂಡತಿ ಕೊಟ್ಟ ಡಬ್ಬಿ ಹಿಡಿದು ಠಾಣೆಯ ಲೋಕಲ್ ಹತ್ತಿದ. ಇಡೀ ದಿನ ಗೆರೆ ಎಳೆದ, ಅಳಿಸಿದ. ಮಾಟ ಮಂತ್ರ ಎಲ್ಲ ಸುಳ್ಳು ಎಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡ. ಊಟದ ಡಬ್ಬಿ ಬಿಚ್ಚಲಿಲ್ಲ.

ಬಿಸಿಲಿರುವಾಗಲೇ ಮರಳಿದ. ಈರಿ ಮೆಟ್ಟಿಲ ಮೇಲೆ ಒಬ್ಬಳೇ ಆಡುತ್ತಿದ್ದಳು. ಅವ್ವ ಎಲ್ಲಿ? ಒಳಗೆ ಕೈ ತೋರಿಸಿದಳು. ಓಡಿದ. ಚಿಲಕ ತೆಗೆದಿತ್ತು. ಕೋಣೆ ಇನ್ನೂ ಗಿಡ್ಡವಾಗಿತ್ತು. ವಿಭೂತಿಯ ವಾಸನೆ. ಸುಟ್ಟ ಕೂದಲು. ಕತ್ತಲೆಯಲ್ಲಿ ಕೈ ಚಾಚಿದ. ಸೀರೆ ಸಿಕ್ಕಿತು. ಮೊಣಕಾಲು. ತಣ್ಣಗಿತ್ತು.

ನೀಲಗಂಗಾ ಗೂಡಿನಲ್ಲಿ ಪದ್ಮಾಸನ ಹಾಕಿ ಕೂತಿದ್ದಳು.

“ಏಳ. ಎದ್ದು ಬಾ.”

“ನನ್ನ ಅಳತಿಗೆ ಬಂದದರಿ. ನಾ ಎದ್ರ ಈರೀದು.”

“ನಿನಗ ಯಾರ ಹೇಳಿದ್ರು?”

“ಚಂದವ್ವ. ನಿಮಗೂ ಹೇಳ್ಯಾಳಂತ.” ಅವಳ ಉಸಿರು ಎಲ್ಲೋ ದೂರದಿಂದ ಬರುತ್ತಿತ್ತು. “ಮುಂಜಾನಿ ನೀವು ಒಳಗ ಹೋದದ್ದ ನೋಡಿದ್ನಿ. ಹೊರಗ ಬಂದದ್ದೂ ನೋಡಿದ್ನಿ.”

ಅವನು ಅವಳ ಎರಡೂ ಕೈ ಹಿಡಿದು ಎಳೆದ. ಕಲ್ಲು ಎಳೆದಂತಾಯಿತು. ನಾನು ಕೂಡುತ್ತೇನೆ, ನೀನು ಏಳು ಎಂದು ಅತ್ತ. ಆ ಮಾತನ್ನು ಬೆಳಗ್ಗೆ ಆಡಬೇಕಿತ್ತು.

“ಸಿಟ್ಟಿಲ್ಲ ನನಗ. ಈರೀಗೆ ಮಾತ್ರ ಹೇಳಬ್ಯಾಡ್ರಿ,” ಎಂದಳು. ಮತ್ತೆ ಮಾತಾಡಲಿಲ್ಲ.

ಅವನು ಹೇಳಲಿಲ್ಲ. ಡೊಂಬಿವಲಿಯಲ್ಲಿ ಮನೆ ಮಾಡಿದ. ಮರುಮದುವೆಯ ಮಾತೆತ್ತಿದವರನ್ನು ಬೈದು ಕಳಿಸಿದ. ಮಗಳ ಜಡೆ ಹೆಣೆದ, ರೊಟ್ಟಿ ಬಡಿಯಲು ಕಲಿತ. ಎಂಟು ವರ್ಷ ಕಳೆದ ಮೇಲೆ ಒಂದು ಸಂಜೆ ಪಕ್ಕದ ಮನೆಯ ಉಮಾವತಿಯಕ್ಕ ಬಾಗಿಲಲ್ಲಿ ನಿಂತು, “ನಿನ್ನಪ್ಪನಂಥವರು ಯಾರಿದ್ದಾರೆ ಮಾರಾಯ್ತಿ,” ಎಂದರು. ಅವನು ಒಳಗೆ ಊಟಕ್ಕೆ ಕೂತಿದ್ದ.

ಈರಿ ಅವನ ಹೆಗಲ ಮೇಲೆ ಕೈಯಿಟ್ಟು ಹೆಮ್ಮೆಯಿಂದ ಹೇಳಿದಳು. “ಪಪ್ಪಾ ನನ್ನ ಸಲುವಾಗಿ ಜೀವಾ ಬೇಕಾದ್ರೂ ಕೊಡ್ತಾರ, ಆಂಟಿ.”