ಹಳದಿ ಚೀಟಿಯ ಗ್ರೈಂಡರ್

"ಬಾಗಿಲು ಮುಚ್ರೀ!"

ಭಾನು ಕಿರುಚಿದಳು.

ಆದರೆ ತಡವಾಗಿತ್ತು. ಪರದೆಯ ಮೇಲಿದ್ದ ಅಂಕಿ ಒಂದೇ ನೆಗೆತಕ್ಕೆ ಮೇಲೇರಿ ಕೆಂಪಾಯಿತು. ಬೆಳಗಿನಿಂದ ಉಸಿರು ಬಿಗಿಹಿಡಿದು ಮಾಡಿದ್ದ ಅಳತೆಯೆಲ್ಲ ಹಾಳು!

ಮೂಕಂಡಪಲ್ಲಿಯ ಆ ಕಾರ್ಖಾನೆಯಲ್ಲಿ ಮಿಕ್ಸಿ, ಗ್ರೈಂಡರುಗಳು ತಯಾರಾಗುತ್ತವೆ. ಅದರ ಹಿಂಬದಿಗೆ ಒಂದು ಕೋಣೆ. ಗೋಡೆ, ಬಾಗಿಲು, ಸೂರು, ಎಲ್ಲಕ್ಕೂ ದಪ್ಪ ಸ್ಪಂಜು ಹೊದಿಸಿದ್ದಾರೆ. 'ಸೈಲೆಂಟ್ ರೂಮ್' ಎಂದು ಅದರ ಹೆಸರು. ಯಂತ್ರ ಓಡುವಾಗ ಎಷ್ಟು ಸದ್ದು ಮಾಡುತ್ತದೆ ಎಂದು ಅಲ್ಲಿ ಅಳೆಯುತ್ತಾರೆ. ಪಕ್ಕದ ಮೇಜಿನಲ್ಲಿ ಅದರ ಮೈಗೆ ಕರೆಂಟ್ ಸೋರುತ್ತಿದೆಯೋ ಇಲ್ಲವೋ ಎಂಬ ಪರೀಕ್ಷೆ. ಎರಡೂ ಭಾನುವಿನ ಕೆಲಸ.

ಬಾಗಿಲಲ್ಲಿ ಒಬ್ಬ ಯುವಕ ಗ್ರೈಂಡರೊಂದನ್ನು ಕೂಸಿನಂತೆ ಎದೆಗೆ ಅವಚಿಕೊಂಡು ನಿಂತಿದ್ದ. ಹಣೆಯ ಮೇಲೆ ಗ್ರೀಸಿನ ಗೆರೆ.

"ಕದ ತಟ್ದೆ ಮೇಡಂ. ನಿಮ್ಗೆ ಕೇಳಿಸ್ಲಿಲ್ಲ."

"ಕೇಳಿಸ್ಬಾರ್ದು ಅಂತಾನೇ ಈ ರೂಮ್ ಕಟ್ಟಿರೋದು!"

"ಅಂಗಾದ್ರೆ ತಟ್ಟೋದ್ ಹೆಂಗೆ?"

ಅವಳಿಗೆ ಸಿಟ್ಟು ಇನ್ನೂ ಹೆಚ್ಚಾಯಿತು.

"ಮೇಲೆ ಕೆಂಪು ದೀಪ ಉರೀತಿರೋದು ಕಾಣ್ಲಿಲ್ವಾ?"

"ಕಾಣ್ತು. ದೇವ್ರ ಫೋಟೋ ಗೀಟೋ ಇಟ್ಟವ್ರೇನೋ ಅನ್ಕಂಡೆ."

ನಗಬಾರದು ಎಂದು ತುಟಿ ಕಚ್ಚಿದಳು. ಆದರೂ ನಗು ಬಂದುಬಿಟ್ಟಿತು!

ಅವನು ಬೀರೇಶ್. ಜೋಡಣೆ ವಿಭಾಗಕ್ಕೆ ಹೊಸದಾಗಿ ಸೇರಿದ್ದ. ಗಡಿಯಂಚಿನ ಗುಮ್ಮಳಾಪುರದಿಂದ ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಊರಲ್ಲಿ ತುಂಡು ಹೊಲ, ಅದರಲ್ಲಿ ರಾಗಿ, ಚೆಂಡುಹೂವು. ತಾಯಿ ಕೊಂಡಮ್ಮ, ತಂಗಿ ಸೌಮ್ಯ. ತಂದೆ ಇಲ್ಲದ ಆ ಮನೆಗೆ ಅವನೇ ಯಜಮಾನ.

ಆಮೇಲೆ ಅವನು ಕದ ತಟ್ಟಲಿಲ್ಲ. ಕೆಂಪು ದೀಪ ಆರುವವರೆಗೂ ಹೊರಗೆ ಕಾಯುತ್ತಿದ್ದ. ದೀಪ ಆರಿಸಿದಾಗಲೆಲ್ಲ ಭಾನುವಿನ ಎದೆ ಒಂದು ಕ್ಷಣ ಸುಮ್ಮನೆ ಹಾರುತ್ತಿತ್ತು... ಬಾಗಿಲಾಚೆ ಅವನಿರಬಹುದೇ?

ಕ್ಯಾಂಟೀನಿನಲ್ಲಿ ಅವನ ಡಬ್ಬಿಯ ಹುರುಳಿ ಸಾರು ಅವಳ ಚಿತ್ರಾನ್ನದ ಪಕ್ಕಕ್ಕೆ ಬಂದು ಕೂತಿತು. ಅವರಿಬ್ಬರೂ ಹೆಚ್ಚೇನೂ ಮಾತಾಡುತ್ತಿರಲಿಲ್ಲ. ಊಟ ಮುಗಿಸಿ ಏಳುವಾಗ ಮಾತ್ರ ನಿಧಾನ ಮಾಡುತ್ತಿದ್ದರು.

ಸೌಮ್ಯಳಿಗೆ ಬೇರಿಕೆ ಊರಲ್ಲಿ ಗಂಡು ಗೊತ್ತಾಯಿತು. ಹುಡುಗನ ಹೆಸರು ಕುಮಾರೇಶ್. ಮದುವೆಯಲ್ಲಿ ಹೆಣ್ಣಿನ ಜೊತೆ ಪಾತ್ರೆಪಗಡ ಕಳಿಸುವಾಗ ಗ್ರೈಂಡರ್ ಇಲ್ಲದಿದ್ದರೆ ಈ ಸೀಮೆಯಲ್ಲಿ ಮರ್ಯಾದೆಯಿಲ್ಲ.

ಕಾರ್ಖಾನೆಯಲ್ಲಿ ಒಂದು ರೂಢಿಯಿತ್ತು. ಕರೆಂಟ್ ಪರೀಕ್ಷೆಯಲ್ಲಿ ಸೋತ ಯಂತ್ರಕ್ಕೆ ಕೆಂಪು ಚೀಟಿ. ಅದರ ವೈರು ಕತ್ತರಿಸಿ ಗುಜರಿಗೆ ಹಾಕುತ್ತಾರೆ. ಸದ್ದಿನಲ್ಲಿ ಮಾತ್ರ ಮಿತಿ ಮೀರಿದ್ದಕ್ಕೆ ಹಳದಿ ಚೀಟಿ. ಅದು ಅಂಗಡಿಗೆ ಹೋಗುವಂತಿಲ್ಲ. ಕೆಲಸಗಾರರು ಬೇಕಾದರೆ ಕಡಿಮೆ ಬೆಲೆಗೆ ಒಯ್ಯಬಹುದು.

ಬೀರೇಶ್ ಹಳದಿ ಚೀಟಿಯ ಒಂದು ಗ್ರೈಂಡರಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಜೋರು ಮಾತ್ರ ತಾನೆ? ಶಾಕ್ ಗೀಕ್ ಹೊಡ್ಯಲ್ವಲ್ಲ?"

"ನಾನೇ ನೋಡಿದೀನಿ ಬೀರೇಶ್. ಕರೆಂಟ್ ವಿಷಯದಲ್ಲಿ ಅಪ್ಪಟ ಚಿನ್ನ. ಸ್ವಲ್ಪ ಜೋರು, ಅಷ್ಟೆ."

"ಜೋರಿದ್ರೆ ಇರ್ಲಿ ಬಿಡು. ನಮ್ಮವ್ವನಿಗಿಂತ ಜೋರಾ?"

ಅವನು ಉಗುರಿನಿಂದ ಹಳದಿ ಚೀಟಿಯನ್ನು ಗುರುತು ಉಳಿಯದ ಹಾಗೆ ಕಿತ್ತ. ಮೇಲಕ್ಕೆ ನೋಡದೆ ಹೇಳಿದ, "ಮೊದ್ಲು ತಂಗೀದ್ ಮುಗೀಲಿ. ಆಮೇಲೆ... ನಮ್ದು."

ಭಾನುವಿನ ಕಿವಿಯ ತುದಿ ಬಿಸಿಯಾಯಿತು. 'ನಮ್ದು' ಅಂದನಲ್ಲ! ಆ ಒಂದು ಮಾತನ್ನು ಅವಳು ಮನೆಯವರೆಗೂ ಜೋಪಾನವಾಗಿ ಒಯ್ದಳು.

* * *

ಸೌಮ್ಯಳ ಮದುವೆಯಾಗಿ ಕೆಲವು ತಿಂಗಳಾಗಿತ್ತು. ಬೀರೇಶ್ ಇದ್ದಕ್ಕಿದ್ದಂತೆ ಕೆಲಸಕ್ಕೆ ಬರುವುದನ್ನು ನಿಲ್ಲಿಸಿದ. ಫೋನೂ ಎತ್ತಲಿಲ್ಲ.

ಒಂದು ಬೆಳಿಗ್ಗೆ ಸೈಲೆಂಟ್ ರೂಮಿನ ಬಾಗಿಲು ತೆರೆಯಿತು. ಕೆಂಪು ದೀಪ ಉರಿಯುತ್ತಲೇ ಇತ್ತು. ಒಳಗೆ ಬಂದ ಬೀರೇಶ್ ಗಡ್ಡ ಬಿಟ್ಟಿದ್ದ, ಕಣ್ಣು ಒಳಕ್ಕೆ ಹೋಗಿದ್ದವು.

"ಚಿನ್ನ ಅಂದಿದ್ದೆ ನೀನು..."

"ಏನಾಯ್ತು ಬೀರೇಶ್?"

"ಸೌಮ್ಯ ಹಿಟ್ಟು ರುಬ್ತಾ ಇದ್ಲು. ಕೈ ಅಂಗೇ ಹಿಡ್ಕಂಬುಡ್ತು. ಕುಮಾರೇಶ್ ಓಡ್ಬಂದು ಸ್ವಿಚ್ ಆರ್ಸೋವಷ್ಟ್ರಲ್ಲಿ... ಅಂಗೈ ಎಲ್ಲಾ ಬೆಂದೋಗಿತ್ತು. ಬಲಗೈ ಬೆರಳು ಇನ್ ಮಡಿಸಾಕಾಗಲ್ವಂತೆ. ಕೈಲಾಗದ ಸೊಸೆ ಇಟ್ಕಂಡು ಏನ್ ಮಾಡಾನ ಅಂತ ಅವ್ರತ್ತೆ ನಮ್ಮನೇಗೆ ತಂದ್ ಬುಟ್ಟೋದ್ಲು."

ಭಾನು ಓಡುತ್ತಿದ್ದ ಯಂತ್ರವನ್ನು ಆರಿಸಿದಳು.

"ಅದೇ ಗ್ರೈಂಡರಾ?"

"ಇನ್ಯಾವ್ದು? ನೀನ್ ನೋಡಿ ಕೊಟ್ಟಿದ್ದು!"

ಗೋಡೆಯ ಸ್ಪಂಜು ಆ ಮಾತನ್ನು ನುಂಗಿತು. ಪ್ರತಿಧ್ವನಿ ಕೂಡ ಬರಲಿಲ್ಲ. ಅವನು ಹೊರಟುಹೋದ. ಆಮೇಲೆ ಬೇರೆ ಶಿಫ್ಟ್ ಕೇಳಿ ಹಾಕಿಸಿಕೊಂಡ. ಅವಳ ಕೆಲಸ ಮುಗಿಯುವ ಹೊತ್ತಿಗೆ ಅವನು ಬಸ್ಸಿಳಿಯುತ್ತಿದ್ದ.

'ನಾನು ಸರಿಯಾಗೇ ನೋಡಿದ್ದೆನಲ್ಲ... ನೋಡಿದ್ದೆನಾ? ಅವತ್ತು ಅವನ ಯೋಚನೆಯಲ್ಲೇ ಇದ್ದು ಚೀಟಿ ತಪ್ಪು ಅಂಟಿಸಿದೆನಾ?'

ಕಂಪ್ಯೂಟರಿನಲ್ಲಿ ಹುಡುಕಿದಳು. ಕರೆಂಟ್ ಪರೀಕ್ಷೆ ಪಾಸ್ ಎಂದೇ ಇತ್ತು. ಅದರಿಂದ ಸಮಾಧಾನ ಬರಲಿಲ್ಲ. ಪಾಸ್ ಎಂದು ಒತ್ತಿದ್ದು ಅವಳದೇ ಬೆರಳು ತಾನೆ?

ಆಮೇಲಿಂದ ಪ್ರತಿ ಯಂತ್ರವನ್ನೂ ಮತ್ತೆ ಮತ್ತೆ ಪರೀಕ್ಷಿಸತೊಡಗಿದಳು. ಸೂಪರ್‌ವೈಸರ್ ರಾಮಮೂರ್ತಿ ಗೊಣಗಿದರು. "ಏನಮ್ಮಾ, ಗ್ರೈಂಡರ್ಗೆ ಪ್ರದಕ್ಷಿಣೆ ಹಾಕ್ತಿದ್ಯಾ? ಲೈನೆಲ್ಲಾ ನಿಂತೋಯ್ತು ನೋಡು!" ಕೊನೆಗೆ ಅವಳೇ ಕೇಳಿಕೊಂಡು ಪ್ಯಾಕಿಂಗ್ ವಿಭಾಗಕ್ಕೆ ಹೋದಳು. ಅಲ್ಲಿ ಯಾರ ಜೀವವೂ ತನ್ನ ಕೈಯಲ್ಲಿರುವುದಿಲ್ಲ.

ಆದರೂ ನಿದ್ದೆ ಹತ್ತಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಗುಮ್ಮಳಾಪುರದ ಬಸ್ಸು ಹತ್ತಿದಳು.

ಕೊಂಡಮ್ಮ ಅಂಗಳದಲ್ಲಿ ಚೆಂಡುಹೂವು ರಾಶಿ ಹಾಕಿಕೊಂಡು ಕೊಳೆತದ್ದನ್ನು ಆರಿಸುತ್ತಿದ್ದಳು. ಬಂದವಳ ಹೆಸರು ಕೇಳಿ ಕೈ ನಿಂತಿತು.

"ಚೀಟಿ ಅಂಟ್ಸೋ ಹುಡ್ಗಿ ನೀನೇನಾ?"

"ಹೂಂ ಅಮ್ಮ."

"ಚೆನ್ನಾಗೈತೆ ಕಣಮ್ಮಿ ನಿನ್ ಧೈರ್ಯ. ಬಾ, ನನ್ ಮಗಳ ಕೈ ನೋಡು. ಕಣ್ತುಂಬ ನೋಡ್ಕಂಡೇ ಹೋಗು!"

ಒಳಗೆ ಗೋಡೆಗೊರಗಿ ಸೌಮ್ಯ ಕೂತಿದ್ದಳು. ಮಡಿಲಲ್ಲಿ ಬಟ್ಟೆ ಸುತ್ತಿದ ಬಲಗೈ. ಎದುರಿಗೆ ತಟ್ಟೆ. ಎಡಗೈಯಲ್ಲಿ ಮುದ್ದೆ ಮುರಿಯಲು ಹೋಗಿ ಸಾರು ಸೀರೆಯ ಮೇಲೆ ಚೆಲ್ಲಿತ್ತು. ಭಾನು ಹತ್ತಿರ ಕೂತು ಮುದ್ದೆ ಮುರಿದು ಅವಳ ಬಾಯಿಗಿಟ್ಟಳು. ಸೌಮ್ಯ ಬೇಡವೆನ್ನಲಿಲ್ಲ. ಅದನ್ನು ಬಾಗಿಲಲ್ಲಿ ನಿಂತು ನೋಡಿದ ಕೊಂಡಮ್ಮ ಮತ್ತೆ ಹೂವಿನ ಕಡೆಗೆ ಹೋದಳು.

ತಾಯಿ ಮರೆಯಾದ ಮೇಲೆ ಸೌಮ್ಯ ಪಿಸುಗುಟ್ಟಿದಳು. "ಅಕ್ಕ, ಅದ್ರಲ್ಲಿ ನಿಮ್ ತಪ್ಪಿಲ್ಲ."

"ಸಮಾಧಾನಕ್ಕೆ ಹೇಳ್ಬೇಡ ಸೌಮ್ಯ."

"ಇಲ್ಲಕ್ಕ. ಅದು ಸುರುವಾದ್ರೆ ಬೀದಿಗೆಲ್ಲಾ ಕೇಳ್ತಿತ್ತು. ಎದುರು ಮನೆಯೋಳು ಬಂದು, 'ಏನ್ ಪಾರ್ವತಮ್ಮ, ನಿನ್ ಸೊಸೆ ತವರಿಂದ ಲಾರಿ ತಂದವ್ಳಾ?' ಅಂದ್ಲು. ಎಲ್ರೂ ನಕ್ರು. ನಮ್ಮತ್ತೆ ನಗ್ಲಿಲ್ಲ. ಕಂಪನಿ ಬಿಸಾಕಿದ್ದನ್ನ ನಿಮ್ಮಣ್ಣ ನಮ್ಮನೇಗ್ ತಂದಾಕವ್ನೆ ಅಂತ ದಿನಾ ಚುಚ್ಚೋಳು."

"ಅಣ್ಣಂಗೆ ಹೇಳ್ಬಾರ್ದಿತ್ತಾ?"

"ಅದ್ನ ತಲೆ ಮೇಲೆ ಹೊತ್ಕಂಡ್ ಬಂದು ಅಡಿಗೆ ಮನೇಲಿ ಇಟ್ಟಾಗ ಅವ್ನ ಮಕ ನೀವು ನೋಡ್ಬೇಕಿತ್ತು ಅಕ್ಕ..." ಸೌಮ್ಯ ಎಡಗೈಯಿಂದ ಕಣ್ಣೊರೆಸಿಕೊಂಡಳು. "ಅವ್ವ ಹಳೇ ಸೀರೆ ಎಲ್ಲಾ ಸೇರ್ಸಿ ಬೊಂತೆ ಹೊಲ್ದು ಕೊಟ್ಟಿದ್ಲು, ಹೊದ್ಕಳಾಕೆ. ಅದ್ನೇ ಗ್ರೈಂಡರ್ಗೆ ಸುತ್ತಿ ಹಗ್ಗ ಬಿಗ್ದೆ. ಸದ್ದು ಅಡಗ್ತು. ಅತ್ತೆ ಬಾಯೂ ಅಡಗ್ತು. ದಿನಾ ಅಂಗೇ ರುಬ್ತಿದ್ದೆ. ಅವತ್ತು ಸುಟ್ಟ ವಾಸ್ನೆ ಬಂತು, ಒದ್ದೆ ಕೈಲೇ ಮುಟ್ಬುಟ್ಟೆ..."

ಭಾನುವಿಗೆ ಕಣ್ಣಿಗೆ ಕಟ್ಟಿದಂತಾಯಿತು. ಗಾಳಿ ಹೋಗುವ ಕಂಡಿಗಳೆಲ್ಲ ಬೊಂತೆಯಿಂದ ಮುಚ್ಚಿ, ಮೋಟಾರು ದಿನದಿನವೂ ಕಾದು, ವೈರಿನ ಹೊದಿಕೆ ಕರಗಿ, ಕರೆಂಟ್ ಗ್ರೈಂಡರಿನ ಮೈಗೆ ಹರಿದಿದೆ. ಹಳ್ಳಿಯ ಎಷ್ಟೋ ಮನೆಗಳಂತೆ ಆ ಮನೆಯ ಸಾಕೆಟ್ಟಿಗೂ ಮೂರು ತೂತಿದ್ದರೂ, ನೆಲಕ್ಕೆ ಅರ್ತ್ ತಂತಿಯನ್ನೇ ಎಳೆದಿರಲಿಕ್ಕಿಲ್ಲ. ನೆಲಕ್ಕೆ ಇಳಿಯಬೇಕಾದ ಕರೆಂಟು ಈ ಹುಡುಗಿಯ ಕೈಯಲ್ಲಿ ಇಳಿದಿದೆ.

"ಅಣ್ಣಂಗೆ ಹೇಳ್ಬೇಡಿ ಅಕ್ಕ. ತಾನ್ ಕೊಡ್ಸಿದ್ದು ತಂಗಿಗೆ ಅವಮಾನ ಮಾಡ್ತು, ಅದ್ಕೇ ಇಂಗಾಯ್ತು ಅಂತ ಗೊತ್ತಾದ್ರೆ ಅವ್ನು ಉಳಿಯಲ್ಲ. ನನ್ ಕೈ ಮೇಲೆ ಆಣೆ ಮಾಡಿ."

ಭಾನು ಬಟ್ಟೆ ಸುತ್ತಿದ ಆ ಕೈಯನ್ನು ಮೆಲ್ಲಗೆ ಮುಟ್ಟಿದಳು.

ಬಸ್ ನಿಲ್ದಾಣದತ್ತ ನಡೆಯುವಾಗ ಮೊದಲು ಎದೆ ಹಗುರವಾಯಿತು. 'ನನ್ನ ಕೈ ತಪ್ಪಿಲ್ಲ! ನಾನಲ್ಲ!' ಮರುಕ್ಷಣವೇ ನಾಚಿಕೆಯಾಯಿತು. ಅಷ್ಟು ಚಿಕ್ಕ ಹುಡುಗಿಯ ಕೈ ಬೆಂದಿರುವಾಗ ನನಗೆ ಹಗುರವಾಗುವುದೇ?

ಎದುರಿಗೆ ಬೀರೇಶ್ ಬರುತ್ತಿದ್ದ. ಕೈಯಲ್ಲಿ ಔಷಧಿಯ ಪೊಟ್ಟಣ.

"ಯಾಕ್ ಬಂದೆ?"

"ಸೌಮ್ಯನ್ನ ನೋಡೋಣ ಅಂತ."

"ನೋಡಿದ್ಯಲ್ಲ. ಸಮಾಧಾನ ಆಯ್ತಾ?"

ಒಂದೇ ಒಂದು ಮಾತು ಸಾಕಿತ್ತು. ಬೊಂತೆ ಎಂದರೆ ಸಾಕು, ಯಂತ್ರ ಜೋಡಿಸುವವನಿಗೆ ಮಿಕ್ಕದ್ದೆಲ್ಲ ತಾನೇ ತಿಳಿಯುತ್ತಿತ್ತು. ಅವನು ಮತ್ತೆ ಅವಳವನಾಗಬಹುದಿತ್ತು...

ಅವನ ಅಂಗಿಯ ಗುಂಡಿ ಒಂದು ಮೇಲೆ ಕೆಳಗಾಗಿತ್ತು. ಈ ಸಿಟ್ಟೊಂದೇ ಅವನನ್ನು ನೆಟ್ಟಗೆ ನಿಲ್ಲಿಸಿದೆ ಎಂದು ಅವಳಿಗೆ ಅನ್ನಿಸಿತು.

"ತಪ್ಪಾಯ್ತು ಬೀರೇಶ್," ಎಂದಳು.

ಅವನ ಮುಖ ಕಲ್ಲಾಯಿತು. ಇಷ್ಟು ದಿನ ಎಲ್ಲೋ ಮೂಲೆಯಲ್ಲಿ, ತಪ್ಪು ಅವಳದಲ್ಲವೇನೋ ಎಂಬ ಆಸೆ ಇಟ್ಟುಕೊಂಡಿದ್ದನೇನೋ. ಅದೂ ಆರಿತು.

"ಉಳ್ಳ ಪೋಮ್ಮಾ, ಉಳ್ಳ ಪೋ!" ಬಸ್ಸಿನ ಬಾಗಿಲಲ್ಲೇ ನಿಂತವಳನ್ನು ಕಂಡಕ್ಟರ್ ತಮಿಳಿನಲ್ಲಿ ಗದರಿ ಒಳಕ್ಕೆ ಕಳಿಸಿದ. ಕಿಟಕಿಯಿಂದ ತಿರುಗಿ ನೋಡುವ ಧೈರ್ಯ ಅವಳಿಗಾಗಲಿಲ್ಲ.

* * *

ರಾಗಿ ಕೊಯ್ಲು ಮುಗಿದ ಮೇಲೆ ಕುಮಾರೇಶ್ ಒಂದು ಗೂಡ್ಸ್ ಆಟೋದಲ್ಲಿ ಬಂದ. ಗ್ರೈಂಡರನ್ನು ಅಂಗಳದಲ್ಲಿ ಇಳಿಸಿದ. ಹೆಂಡತಿಯನ್ನು ಕರೆದೊಯ್ಯುವ ಮಾತೆತ್ತಲಿಲ್ಲ. ನೀರು ಕೊಟ್ಟರೂ ಕುಡಿಯದೆ ಹೋದ.

ಬೀರೇಶ್ ಗ್ರೈಂಡರನ್ನು ಮಗುಚಿದ. ತಳದ ಕಂಡಿಗಳಿಗೆ ಕರಕಲು ಬಟ್ಟೆ ಕರಗಿದ ಪ್ಲಾಸ್ಟಿಕ್ಕಿನೊಡನೆ ಅಂಟಿಕೊಂಡಿತ್ತು. ಅದರ ಒಂದು ಚೂರು ಮಾತ್ರ ಸುಡದೆ ಉಳಿದಿತ್ತು. ನೀಲಿ ಹೂವಿನ ಸೀರೆಯ ತುಂಡು.

ಅವ್ವನ ಸೀರೆ!

ಅವನು ತಂಗಿಯತ್ತ ನೋಡಿದ. ಸೌಮ್ಯ ತಲೆ ತಗ್ಗಿಸಿದಳು. ಕೇಳುವುದೇನೂ ಉಳಿದಿರಲಿಲ್ಲ. ಆದರೂ ಅವಳು ಅಳುತ್ತ ಎಲ್ಲವನ್ನೂ ಹೇಳಿದಳು. ಕೊನೆಗೆ, "ಭಾನಕ್ಕಂಗೆ ಅವತ್ತೇ ಗೊತ್ತಿತ್ತು ಅಣ್ಣ. ನಾನೇ ಆಣೆ ಹಾಕ್ಸಿದ್ದೆ," ಎಂದಳು.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ, ಕಾರ್ಖಾನೆಯ ಗೇಟಿನಾಚೆ ಹೊಂಗೆಮರದ ಕೆಳಗೆ ಅವನು ನಿಂತಿದ್ದ. ಅವನ ಶಿಫ್ಟ್ ಅದಲ್ಲ. ಭಾನು ದೂರದಿಂದಲೇ ಅವನ ಮುಖ ನೋಡಿ ತಿಳಿದುಕೊಂಡಳು.

"ಗೊತ್ತಿತ್ತಾ ನಿಂಗೆ?"

"ಹೂಂ."

"ಮತ್ಯಾಕ್ ತಪ್ಪಾಯ್ತು ಅಂದೆ?"

ಭಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ನನ್ನ ಬೈಕೊಂಡಾದ್ರೂ ನೀನು ಎದ್ದು ಕೆಲಸಕ್ಕೆ ಬರ್ತಿದ್ದೆ. ಉಣ್ತಿದ್ದೆ. ನಿನ್ನ ನೀನೇ ಬೈಕೊಳೋಕೆ ಶುರು ಮಾಡಿದ್ರೆ... ನಿಲ್ಲಿಸೋರು ಯಾರು?"

ಬೀರೇಶ್ ಮರದ ಬುಡದಲ್ಲಿ ಕುಸಿದು ಕೂತ. ಮುಖ ಮುಚ್ಚಿಕೊಂಡ ಅಂಗೈಗಳ ನಡುವಿನಿಂದ ಮಾತು ಒಡೆದು ಬಂತು.

"ಇನ್ನೊಂದ್ ಸ್ವಲ್ಪ ದಿನ ತಡ್ದಿದ್ರೆ ಹೊಸದೇ ಕೊಡಿಸ್ಬೋದಿತ್ತು. ನಾನೇ ಚೀಟಿ ಕಿತ್ತೆ ಭಾನು. ನಾನೇ..."

ಅವಳು ಪಕ್ಕದಲ್ಲಿ ಕೂತಳು.

"'ಸ್ವಲ್ಪ ಜೋರು, ಅಷ್ಟೆ' ಅಂದವಳು ನಾನು. ಮಗ್ಗುಲು ಮನೆಯವರು ಕೆಮ್ಮಿದ್ರೂ ಕೇಳೋ ಬೀದೀಲಿ ಜೋರು ಅಂದ್ರೆ ಏನು ಅಂತ ನಂಗೆ ತಿಳೀಲಿಲ್ಲ. ಕರೆಂಟ್ ಮಾತ್ರ ಕೊಲ್ಲುತ್ತೆ, ಸದ್ದು ಏನ್ ಮಾಡುತ್ತೆ ಅನ್ಕೊಂಡಿದ್ದೆ. ಸುಮ್ನೆ ತಪ್ಪಾಯ್ತು ಅನ್ಲಿಲ್ಲ ಬೀರೇಶ್. ನನ್ನ ಪಾಲಿನ ತಪ್ಪನ್ನೇ ಹೇಳ್ದೆ."

ಅವನು ಅತ್ತ. ಗಂಡಸು ಅಳುವುದನ್ನು ಹತ್ತಿರದಿಂದ ನೋಡುವುದು ಅವಳಿಗೆ ಹೊಸದು. ಬೆನ್ನ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. ಗೇಟಿನ ಕಾವಲುಗಾರ ಆಚೆಗೆ ತಿರುಗಿ ನಿಂತ.

ಸೌಮ್ಯಳ ಬೆರಳು ಇನ್ನು ಮಡಿಸಲಾಗುವುದಿಲ್ಲ. ಕುಮಾರೇಶ್ ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಯಾರು ಯಾರನ್ನು ಕ್ಷಮಿಸಿದರೂ ಅದು ಬದಲಾಗುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ನಿನ್ನ ಮೇಲೆ ಅಷ್ಟ್ ಕೋಪ ಇದ್ರೂ," ಬೀರೇಶ್ ತಡವರಿಸಿದ, "ದಿನಾ ಬಸ್ಸಿಳಿದಾಗ ನೀನ್ ಕಾಣ್ತೀಯೇನೋ ಅಂತ್ಲೇ ನೋಡ್ತಿದ್ದೆ. ಕಾಣ್ದಿದ್ರೆ ಇನ್ನೂ ಕೋಪ ಬರ್ತಿತ್ತು."

"ನಾನು ಪ್ಯಾಕಿಂಗ್ ಶೆಡ್ಡಿನ ಕಿಟಕಿಯಿಂದ ನೋಡ್ತಿದ್ದೆ."

"ದಿನಾನಾ?"

"ನೀನು ರಜಾ ಹಾಕಿದ ದಿನಾನೂ."

ಊಟದ ಹೊತ್ತು ಮುಗಿದ ಸೈರನ್ ಕೂಗಿತು. ಇಬ್ಬರೂ ಏಳಲಿಲ್ಲ. ಅವನು ತೋಳಿನಿಂದ ಮುಖ ಒರೆಸಿಕೊಂಡ.

"ಭಾನುವಾರ ಮನೇಗ್ ಬತ್ತೀಯಾ? ಅವ್ವ ಕರ್ಕಂಬಾ ಅಂದವ್ಳೆ."

"ಬೈಯೋಕಾ?"

"ಇರ್ಬೋದು. ಅವ್ಳು ಬೈದ ಮೇಲೇ ಉಣ್ಣಾಕಿಕ್ಕೋದು."

ಭಾನು ಅವನ ಅಂಗಿಯ ಮೇಲಿದ್ದ ಹೊಂಗೆಯ ಎಲೆಯನ್ನು ತೆಗೆದಳು.

"ಬರ್ತೀನಿ," ಎಂದಳು. "ನೀನು ಪಕ್ಕದಲ್ಲಿರು, ಸಾಕು."