ಅರಸನ ಗೊಂಬೆಗೆ ಕಣ್ಣು

ನವರಾತ್ರಿ ಬಂತೆಂದರೆ ಹಂಸದುರ್ಗಕ್ಕೆ ತಾನು ಕಲ್ಲಿನ ಊರೆಂಬುದೇ ಮರೆತುಹೋಗುತ್ತಿತ್ತು. ಮೂಡಣ ಹೆಬ್ಬಾಗಿಲಿನಿಂದ ಅರಮನೆಯವರೆಗೆ ಚೆಂಡುಹೂವಿನ ರಾಶಿಗಳು ಬಿಸಿಲನ್ನೇ ಗುಡ್ಡೆ ಹಾಕಿದಂತೆ ಹೊಳೆಯುತ್ತಿದ್ದವು. ಪಟ್ಟದಾನೆಯ ಹಣೆಗೆ ಬಣ್ಣದ ಬಳ್ಳಿ ಬರೆಯುತ್ತಿದ್ದ ಮಾವುತನನ್ನು ಸುತ್ತುವರಿದ ಜನ, ಎಲೆಯೊಂದು ವಾಲಿತು, ಹೂವೊಂದು ಸಣ್ಣದಾಯಿತು ಎಂದು ಆತನಿಗೇ ಪಾಠ ಹೇಳುತ್ತಿದ್ದರು. ಬಳೆಗಾರರ ಕೂಗು, ಗರಡಿಯಾಳುಗಳ ತೊಡೆತಟ್ಟು, ಗಂಧದಂಗಡಿಯ ಪರಿಮಳ, ಎಣ್ಣೆಯಲ್ಲಿ ಕಜ್ಜಾಯ ಬೇಯುವ ಸದ್ದು, ಇವೆಲ್ಲವೂ ಒಂದಾಗಿ ಕೋಟೆಯ ಗೋಡೆಗಳಿಗೆ ಅಪ್ಪಳಿಸಿ ಮತ್ತೆ ಬೀದಿಗೇ ಬೀಳುತ್ತಿದ್ದವು.

ಆ ಸದ್ದನ್ನು ಕೇಳಬಲ್ಲ, ಆದರೆ ನೋಡಲಾರದ ಮನೆಯೊಂದು ಅರಮನೆಯ ಒಳಪ್ರಾಕಾರದಲ್ಲಿತ್ತು. ಅದರ ಕಿಟಕಿಗಳು ಆಳೆತ್ತರಕ್ಕಿಂತಲೂ ಮೇಲೆ. ಬಾಗಿಲಿಗೆ ಸದಾ ಕಾವಲು. ಅದಕ್ಕೆ ಗೊಂಬೆಮನೆಯೆಂದು ಹೆಸರು. ಅಲ್ಲಿ ತೊಗಲುಗೊಂಬೆ ಆಡಿಸುವ ಮನೆತನದ ಕೊನೆಯ ಇಬ್ಬರು ವಾಸವಾಗಿದ್ದರು: ತೊಗಲಿಗೆ ರೂಪ ಕೊಟ್ಟು ಗೊಂಬೆಯಾಡಿಸುವ ತಿಪ್ಪಕ್ಕ, ಮತ್ತು ಪರದೆಯ ಹಿಂದೆ ಕುಳಿತು ಹಾಡುವ, ಕಣ್ಣು ಮಂಜಾದ ಅವಳ ಅತ್ತೆ ಭಾಗೂಬಾಯಿ.

ಅವರನ್ನು ಅಲ್ಲಿರಿಸಿದ್ದು ದ್ವೇಷವಲ್ಲ, ಪ್ರೀತಿ. ರಾಜಾ ಭುಜಂಗರಾಯನು ಬಾಲ್ಯದಲ್ಲಿ ದಾದಿಯ ಮಡಿಲಲ್ಲಿ ಕುಳಿತು ಈ ಮನೆತನದ ಆಟ ನೋಡಿದ್ದನು. ಪಟ್ಟವೇರಿದ ಮೇಲೆ, ಊರೂರು ಅಲೆಯುವ ಮೇಳಗಳು ಒಂದೊಂದಾಗಿ ಅಳಿಯುತ್ತಿವೆಯೆಂದು ತಿಳಿದು ಕಳವಳಗೊಂಡು, ಇವರನ್ನು ಕರೆಸಿ, ಅನ್ನವಸ್ತ್ರಗಳಿಗೆ ಕೊರತೆಯಾಗದಂತೆ ಏರ್ಪಡಿಸಿ, ಹಿರಿಯರ ಗೊಂಬೆಗಳಿದ್ದ ಮರದ ಪೆಟ್ಟಿಗೆಗೆ ರಾಜರಕ್ಷಣೆಯನ್ನೂ ಕೊಟ್ಟನು. ಅದರ ಜೊತೆಗೊಂದು ಅಪ್ಪಣೆಯೂ ಇತ್ತು. ಪೂರ್ವಜರು ಕೊರೆದ ಗೊಂಬೆಗಳನ್ನೇ ಆಡಿಸತಕ್ಕದ್ದು, ಹೊಸದನ್ನು ಸೇರಿಸಕೂಡದು, ಪೆಟ್ಟಿಗೆಯು ಕೋಟೆ ದಾಟಕೂಡದು. ಹೊಸ ಗೊಂಬೆ ಮಾಡುತ್ತೇನೆಂದು ತಿಪ್ಪಕ್ಕ ಒಮ್ಮೆ ಬಿನ್ನವಿಸಿಕೊಂಡಾಗ ಅರಸನು ನಕ್ಕು, “ಇರುವುದನ್ನು ಉಳಿಸಿಕೊಳ್ಳೋಣ ತಾಯಿ” ಎಂದಿದ್ದನು. ಆದರೆ ದೀಪದ ಕಾವೂ ಕೈಯ ಜಿಡ್ಡೂ ಇಲ್ಲದೆ ತೊಗಲು ಬಾಳದು. ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆದಾಗಲೆಲ್ಲ ಯಾವುದೋ ಗೊಂಬೆಯ ಕೀಲು ಸೆಟೆದಿರುತ್ತಿತ್ತು, ಯಾವುದರದೋ ಕಿರೀಟ ಸೀಳಿರುತ್ತಿತ್ತು.

ತಿಪ್ಪಕ್ಕ ಕಿಟಕಿಯತ್ತ ಮುಖವೆತ್ತಿ ನಿಂತರೆ ಭಾಗೂಬಾಯಿ ಸುಮ್ಮನಿರುತ್ತಿರಲಿಲ್ಲ.

“ಅನ್ನ ಐತಿ, ಅರಿವೆ ಐತಿ, ಬಾಗಿಲಿಗೆ ಬಂಟನೂ ಅದಾನ. ಇನ್ನೇನು ಬೇಕೇ ನಿನಗ? ಕಾಲು ನಡೀಬೇಕಂತೇನು? ನಡಿ. ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬಾ. ಜಾತ್ರಿ ಹೆಂಗಿತ್ತಂತ ಬಂದು ಹೇಳು.”

ಆ ವರ್ಷ ಅರಸನು ಗಡಿಯ ದಂಗೆಯನ್ನಡಗಿಸಲು ಹೋದವನು ಹಿಂದಿರುಗಿರಲಿಲ್ಲ. ಜ್ವರದಿಂದ ಗಡಿಕೋಟೆಯಲ್ಲಿ ವಿಶ್ರಮಿಸುತ್ತಿದ್ದಾನೆಂದು ಪ್ರಧಾನಿ ದೇಮರಸಯ್ಯನು ಸಾರಿದ್ದನು. ಅರಸನ ಮುದ್ರೆಯುಂಗುರ ಅವನ ಬೆರಳಲ್ಲಿತ್ತು. ಅರಸನು ಜೀವಿಸಿರುವಷ್ಟು ಕಾಲ ಆ ಉಂಗುರದ ಮಾತೇ ಅರಸನ ಮಾತು; ಅರಸನಿಲ್ಲವಾದರೆ ಉಂಗುರಕ್ಕೆ ಬೆಲೆಯಿಲ್ಲ, ಅಧಿಕಾರವು ಮಹಾರಾಣಿ ಹೊನ್ನಾಂಬಿಕೆಗೂ ಅವಳ ಮಡಿಲಿನ ಯುವರಾಜನಿಗೂ ಸಲ್ಲತಕ್ಕದ್ದು. ಇದು ಹಂಸದುರ್ಗದ ಕಟ್ಟಳೆ. ಆದ್ದರಿಂದಲೇ ದಳವಾಯಿ ಮುದ್ದಪ್ಪನಾಯಕನು ಮನಸ್ಸಿಲ್ಲದಿದ್ದರೂ ಪ್ರಧಾನಿಯ ಮುಂದೆ ತಲೆಬಾಗುತ್ತಿದ್ದನು.

ಹಬ್ಬದ ಮೊದಲ ದಿನ ದೇಮರಸಯ್ಯನು ತಾನೇ ಗೊಂಬೆಮನೆಗೆ ಬಂದನು. ವಿದ್ಯಾವಂತ, ಮಿತಭಾಷಿ, ಏರುದನಿಯಲ್ಲಿ ಮಾತನಾಡಿದ್ದನ್ನು ಯಾರೂ ಕೇಳಿರಲಿಲ್ಲ.

“ತಿಪ್ಪಕ್ಕ, ಹೊಸ ಗೊಂಬೆ ಮಾಡಬೇಕೆಂಬುದು ನಿನ್ನ ಬಹುದಿನದ ಆಸೆಯಲ್ಲವೆ? ಅನುಮತಿ ಕೊಡುತ್ತಿದ್ದೇನೆ. ಪ್ರಭುಗಳ ಗೊಂಬೆಯನ್ನು ಮಾಡು.”

ಅವಳ ಬೆರಳುಗಳು, ಅವಳು ಬೇಡವೆಂದರೂ, ಆಗಲೇ ಉಳಿಯನ್ನು ಹುಡುಕುತ್ತಿದ್ದವು.

“ವಿಜಯದಶಮಿಯ ಸಂಜೆ ಆಟ. ಆಟದ ಕಡೆಯಲ್ಲಿ ಪ್ರಭುಗಳು ನನ್ನ ಅಳಿಯ ಸಿಂಗರಸನ ತಲೆಗೆ ಕಿರೀಟವಿಡುವಂತೆ ತೋರಿಸು. ಅವನಿಗೆ ಪಟ್ಟ ಕಟ್ಟಬೇಕೆಂಬುದು ಪ್ರಭುಗಳ ಇಚ್ಛೆ. ಪ್ರಜೆಗಳು ಅವರ ನೆರಳನ್ನಾದರೂ ಕಂಡು ನಂಬಲಿ.”

“ಒಡೆಯರೇ, ಯುವರಾಜರು...?”

“ಮಗು. ದೂರದ ಮಠವೊಂದರಲ್ಲಿ ವಿದ್ಯಾಭ್ಯಾಸಕ್ಕೆ ವ್ಯವಸ್ಥೆಯಾಗಿದೆ.”

ಹಾಗೆ ಮಠಕ್ಕೆ ಹೋದ ರಾಜಕುಮಾರರು ತಿರುಗಿ ಬಂದದ್ದನ್ನು ಹಂಸದುರ್ಗದ ಚರಿತ್ರೆಯಲ್ಲಿ ಯಾರೂ ಕಂಡಿರಲಿಲ್ಲ. ಭಾಗೂಬಾಯಿಯ ಬಾಯಲ್ಲಿದ್ದ ಎಲೆಯಡಿಕೆ ಅಲ್ಲೇ ನಿಂತಿತು. ಪ್ರಧಾನಿಯು ಕಣ್ಸನ್ನೆ ಮಾಡಲು ಭಟರು ಹಿರಿಯರ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಟರು.

“ಆಟ ಸಾಂಗವಾಗಿ ಮುಗಿದರೆ ಪೆಟ್ಟಿಗೆ ನಿಮ್ಮದೇ,” ಎಂದನು ದೇಮರಸಯ್ಯ. “ಒಂದು ಪದ ತಪ್ಪಿದರೂ ಬೆಂಕಿಯದು.”

ತಿಪ್ಪಕ್ಕ ಆಡಿನ ತೊಗಲನ್ನು ಹದಗೊಳಿಸಿ, ಉಳಿ ಹಿಡಿದು ಕುಳಿತಳು. ಇಷ್ಟು ವರ್ಷ ಹಸಿದಿದ್ದ ಕೈಗಳು ಅವಳ ಮಾತನ್ನೇ ಕೇಳಲಿಲ್ಲ. ಎಷ್ಟು ಕೆಟ್ಟದಾಗಿ ಮಾಡಬೇಕೆಂದು ಅವಳು ಬಯಸಿದಳೋ ಅಷ್ಟು ಚೆನ್ನಾಗಿ ಅರಸನು ತೊಗಲಿನಲ್ಲಿ ಮೂಡಿದನು: ತುಸು ಬಾಗಿದ ಭುಜ, ನಗುವ ಮೊದಲು ಅಗಲವಾಗುತ್ತಿದ್ದ ಮೂಗಿನ ಹೊಳ್ಳೆ, ಕಿರೀಟದ ಅಂಚಿನಲ್ಲಿ ಮುತ್ತಿನಂಥ ರಂಧ್ರಗಳ ಸಾಲು. ತನ್ನ ಕೆಲಸದ ಚೆಲುವನ್ನು ಕಂಡು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ದೇಮರಸಯ್ಯನು ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿದನು. ಮೈಯೆಲ್ಲ ಬೆಳಕು ಸೂಸುತ್ತಿತ್ತು. ಕಣ್ಣು ಮಾತ್ರ ಕಪ್ಪಾಗಿತ್ತು.

“ಕಣ್ಣನ್ನೇಕೆ ಕೊರೆದಿಲ್ಲ?”

“ಬದುಕಿರುವವರ ಗೊಂಬೆಗೆ ಕಣ್ಣು ತೆರೆಯುವುದಿಲ್ಲ, ಒಡೆಯರೇ. ಬಣ್ಣವಷ್ಟೆ. ಅವರು ತಮ್ಮ ಕಣ್ಣಿಂದ ತಾವೇ ನೋಡುತ್ತಾರಲ್ಲ. ಹೋದವರಿಗೆ ಮಾತ್ರ ತೆರೆಯುತ್ತೇವೆ, ತಮ್ಮವರನ್ನು ಕಡೆಯ ಬಾರಿ ಕಂಡು ದಾರಿ ಹಿಡಿಯಲಿ ಎಂದು. ಇದು ನಮ್ಮ ಮನೆಯೊಳಗಿನ ಮಾತು. ಹೊರಗೆ ಹೇಳುವಂಥದ್ದಲ್ಲ, ಕೇಳಿದಿರೆಂದು ಹೇಳಿದೆ.”

ಪ್ರಧಾನಿಯು ಗೊಂಬೆಯನ್ನು ಮೆಲ್ಲನೆ ಕೆಳಗಿಟ್ಟನು. ಆಮೇಲೆ, ಯಾವುದೋ ಶಾಸ್ತ್ರವಿಚಾರವನ್ನು ಕೇಳುವವನಂತೆ, “ಹೋದವರ ಗೊಂಬೆಯನ್ನು ಕಣ್ಣು ತೆರೆಯದೆ ಆಡಿಸಿದರೆ?” ಎಂದನು.

“ದಾರಿ ಕಾಣದೆ ಆಡಿಸಿದವರ ಬೆನ್ನ ಹಿಂದೆ ನಿಲ್ಲುತ್ತಾರಂತೆ.”

ಅವನು ಹೊರಟುಹೋದನು. ಮರುದಿನ ಬೆಳಿಗ್ಗೆ ಪರಿವಾರವಿಲ್ಲದೆ ಒಬ್ಬನೇ ಬಂದನು. ಕಣ್ಣುಗಳು ಕೆಂಪಾಗಿದ್ದವು.

“ನೋಡುವವರಿಗೆ ಪ್ರಭುಗಳು ಕುರುಡರಂತೆ ಕಾಣುತ್ತಾರೆ. ಕಣ್ಣು ತೆರೆ.”

“ದೊರೆಗಳ ಆಯುಷ್ಯಕ್ಕೆ ಕೇಡು, ಒಡೆಯರೇ.”

“ತೆರೆ ಎಂದೆ!”

ಮಿತಭಾಷಿಯ ದನಿ ಏರಿದ್ದನ್ನು ಅವಳು ಮೊದಲ ಬಾರಿಗೆ ಕೇಳಿದಳು. ಉಳಿಯನ್ನೂರಿ ಸುತ್ತಿಗೆಯಿಂದ ತಟ್ಟಿದಳು. ಬೆಳಕಿನ ಸಣ್ಣ ಹನಿಯೊಂದು ತೊಗಲನ್ನು ದಾಟಿ ನೆಲಕ್ಕೆ ಬಿದ್ದಿತು. ಆ ಕ್ಷಣದಲ್ಲಿ ಪ್ರಧಾನಿಯ ಎರಡು ಕೈಗಳೂ ಅವನಿಗರಿವಿಲ್ಲದೆಯೇ ಎದೆಯ ಮುಂದೆ ಜೋಡಿದವು. ಕೂಡಲೇ ಎಚ್ಚೆತ್ತು ಅವನು ಉತ್ತರೀಯವನ್ನು ಸರಿಪಡಿಸಿಕೊಂಡನು. ಆದರೆ ತಿಪ್ಪಕ್ಕ ಕಂಡಿದ್ದಳು. ಬದುಕಿರುವ ಅರಸನ ಗೊಂಬೆಗೆ ಹೀಗೆ, ಹೋದವರಿಗೆ ಮುಗಿಯುವಂತೆ, ಯಾರೂ ಕೈ ಮುಗಿಯುವುದಿಲ್ಲ.

ಬಾಗಿಲು ಮುಚ್ಚಿದ ಮೇಲೆ ಅವಳು ಅತ್ತೆಯ ಕಿವಿಯಲ್ಲಿ ಉಸುರಿದಳು: “ಅತ್ತೀ, ದೊರೆ ಇಲ್ಲ. ಗಡಿಯೊಳಗ ತೀರಿಹೋಗ್ಯಾರ. ಇವ ಮುಚ್ಚಿಟ್ಟಾನ.”

ಮುದುಕಿ ಗೋಡೆಗೊರಗಿದಳು. “ಹೇಳೂಣು ಅಂದ್ರ ಯಾರಿಗೆ ಹೇಳೂದು? ಬಾಗಿಲಾಗ ನಿಂತ ಬಂಟ ಅವನವ. ನೀರು ತರೂವಾಕಿ ಅವನ ಕಡೀಯಾಕಿ. ರಾಣಿ ಹತ್ರ ಹೋಗಾಕ ರೆಕ್ಕಿ ಕಟ್ಟಿಕೊಳ್ಳೂಣೇನು?”

“ಆಟದಾಗ ರಾಣಿ ಎದುರಿಗೇ ಇರ್ತಾಳ. ಕಣ್ಣು ತೆರೆದ ಗೊಂಬಿ ನೋಡ್ತಾಳ. ಅದರ ಅರ್ಥ ನೀವು ಹಾಡಿನಾಗ ಹೇಳಿಬಿಟ್ರ...”

“ಏನಂದಿ?” ಭಾಗೂಬಾಯಿ ಸಾವಿನ ಸುದ್ದಿಗೆ ಬೆಚ್ಚದಷ್ಟು ಈ ಮಾತಿಗೆ ಬೆಚ್ಚಿದಳು. “ಅವನ ಮುಂದ ನೀ ಬಾಯಿಬಿಟ್ಟಿದ್ದು ಸಾಲದೇನು? ಒಲೀ ಮುಂದಿನ ಮಾತು ಬೀದಿಗೆ ಹಾಕ್ಲೇನು? ನಮ್ಮತ್ತಿ ನನಗ ದೀಪ ಮುಟ್ಟಿಸಿ ಆಣಿ ತಗೊಂಡು ಹೇಳಿದ್ದದು. ನಾನು ನನ್ನ ಮಗನಿಗೂ ಹೇಳಿರಲಿಲ್ಲ, ಸೊಸೀಗೆ ಹೇಳೀನಿ. ಪೆಟ್ಟಿಗಿ ಹೋಗ್ತದ, ಮಾತೂ ಹೋಗ್ತದ. ಆಮ್ಯಾಲೆ ನಾವು ಯಾರು? ಬರೇ ಇಬ್ಬರು ಬಡಕಲು ಹೆಂಗಸರು!”

“ಆ ಕೂಸು, ಅತ್ತೀ?”

ಮುದುಕಿ ಎಲೆಯಡಿಕೆಯ ಚೀಲಕ್ಕೆ ತಡಕಾಡಿದಳು. ಆಟ ಆಡಿಸಲೇಬೇಕು, ಆಡಿಸಿದರೆ ಸುಳ್ಳು. ತಪ್ಪಿದರೆ ಮನೆತನವೇ ಬೂದಿ. ಎತ್ತ ತಿರುಗಿದರೂ ಅದೇ ಗೋಡೆ. ಹಬ್ಬದ ಉಳಿದ ದಿನಗಳಲ್ಲಿ ಅತ್ತೆ ಸೊಸೆಯರು ಆ ವಿಷಯವನ್ನೆತ್ತಲಿಲ್ಲ. ಉಪ್ಪು ಹೆಚ್ಚಾಯಿತು, ನೀರು ತಣ್ಣಗಿದೆ ಎಂದು ಮಾತ್ರ ಜಗಳವಾಡಿದರು.

ವಿಜಯದಶಮಿಯ ಸಂಜೆ, ದೀಪಸ್ತಂಭಗಳಿಗೆ ಎಣ್ಣೆಯೆರೆಯುವ ಹೊತ್ತಿಗೆ, ಅರಮನೆಯ ಹೊರಾಂಗಣದಲ್ಲಿ ಜನ ಕಿಕ್ಕಿರಿದಿದ್ದರು. ಮಹಾರಾಣಿ ಹೊನ್ನಾಂಬಿಕೆಯು ಯುವರಾಜನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪರದೆಯ ಎದುರಿಗಿದ್ದಳು. ಬಲಕ್ಕೆ ದೇಮರಸಯ್ಯ, ಅವನ ಪಕ್ಕದಲ್ಲಿ ಹೊಸ ಪೀತಾಂಬರದ ಸಿಂಗರಸ, ಹಿಂದೆ ದಳವಾಯಿ. ಪರದೆಯ ಹಿಂದೆ ಗೊಂಬೆಯವರಿಬ್ಬರು; ಅವರ ಬೆನ್ನಿಗೆ ಮುಚ್ಚಳ ತೆರೆದಿಟ್ಟ ಹಿರಿಯರ ಪೆಟ್ಟಿಗೆ, ಅದರ ಪಕ್ಕದಲ್ಲಿ ಪಂಜು ಹಿಡಿದ ಭಟ.

ಆಟ ಸಾಗಿತು. ಅರಸನ ನೆರಳು ಪರದೆಯ ಮೇಲೇರಿದಾಗ ಜನರು “ದೊರೆಗಳು! ನೋಡ್ರೋ, ಹಂಗೇ ಅದಾರ!” ಎಂದು ಉದ್ಗರಿಸಿದರು. ಯುವರಾಜನು ಎರಡು ಕೈಗಳನ್ನೂ ಚಾಚಿ “ಅಪ್ಪಾಜಿ” ಎಂದನು.

ಆ ಒಂದು ಕೂಗನ್ನು ಭಾಗೂಬಾಯಿ ಕೇಳಿಸಿಕೊಂಡಳು. ಕಿರೀಟದ ಹಾಡನ್ನೆತ್ತಬೇಕಾದ ಬಾಯಿ ತಡೆಯಿತು. ಆಮೇಲೆ ಅವಳು ರಾಗ ಬಿಟ್ಟು, ಸಂತೆಯಲ್ಲಿ ಕೂಗುವ ದನಿಯಲ್ಲಿ ಹೇಳಿದಳು:

“ಹಂಸದುರ್ಗದ ತಾಯಂದಿರಾ, ಅಪ್ಪಂದಿರಾ! ನಮ್ಮನಿ ಒಲೀ ಮುಂದಿನ ಮಾತೊಂದು ಹೇಳ್ತೀನಿ. ನಾವು ಬದುಕಿದವರ ಗೊಂಬಿಗೆ ಕಣ್ಣು ತೆರೆಯೂದಿಲ್ಲ. ಸತ್ತವರಿಗಷ್ಟೇ ತೆರೆಯೂದು. ದೊರೆ ಕಣ್ಣು ನೋಡ್ರಿ. ತೆರೆಸಿದವರ ಮುಖಾನೂ ನೋಡ್ರಿ!”

“ನಿಲ್ಲಿಸಿ!” ದೇಮರಸಯ್ಯನು ಎದ್ದು ನಿಂತು ಕಿರುಚಿದನು. ಅದನ್ನೇ ಕಾಯುತ್ತಿದ್ದ ಭಟನು ಪಂಜನ್ನು ಪೆಟ್ಟಿಗೆಯೊಳಗೆ ಎಸೆದನು.

ತಲೆಮಾರುಗಳ ಎಣ್ಣೆ ಕುಡಿದಿದ್ದ ತೊಗಲು ಒಮ್ಮೆಗೇ ಹೊತ್ತಿತು. ತಿಪ್ಪಕ್ಕ ತಿರುಗಿ ನೋಡಿದಳು. ಮೇಲಿದ್ದ ಮಂಡೋದರಿಯ ಸೆರಗು ಸುರುಟುತ್ತಿತ್ತು. ಕೈ ಚಾಚಿದ್ದರೆ ಅದನ್ನೂ ಅದರಡಿಯ ನಾಲ್ಕಾರನ್ನೂ ಎಳೆದುಕೊಳ್ಳಬಹುದಿತ್ತು. ಆದರೆ ಎರಡೂ ಕೈಗಳಲ್ಲಿ ಅರಸನಿದ್ದನು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಬೆಂಕಿಗೂ ಪರದೆಯ ಬಟ್ಟೆಗೂ ನಡುವೆ ಗೊಂಬೆಯನ್ನೆತ್ತಿ ಹಿಡಿದಳು.

ಸಣ್ಣ ದೀಪದ ಬೆಳಕಿನಲ್ಲಿ ಮೊಳದುದ್ದವಿದ್ದ ನೆರಳು ಆ ಜ್ವಾಲೆಯಲ್ಲಿ ಪರದೆಯನ್ನೆಲ್ಲ ತುಂಬಿ ಬೆಳೆಯಿತು. ಭುಜಂಗರಾಯನು ಅಂಗಣದ ಮೇಲೆ ಬಾಗಿ ನಿಂತಂತಾಯಿತು. ಅವನ ತೆರೆದ ಕಣ್ಣು ಕೆಂಡದಂತೆ ಮಿನುಗುತ್ತ, ಬೆಂಕಿ ಅಲುಗಿದಂತೆಲ್ಲ ಒಬ್ಬೊಬ್ಬರ ಮುಖವನ್ನೂ ಹುಡುಕಿತು. ಜನರ ಗದ್ದಲ ಅಡಗಿತು. ಸುಡುವ ತೊಗಲಿನ ಚಟಪಟ ಸದ್ದೊಂದೇ ಕೇಳುತ್ತಿತ್ತು.

ಮಹಾರಾಣಿಯು ಮಗುವನ್ನೆತ್ತಿಕೊಂಡು ಎದ್ದಳು. ದನಿಯಲ್ಲಿ ಕಂಪನವಿರಲಿಲ್ಲ.

“ಪ್ರಧಾನಿಗಳೇ, ಇದು ಗೊಂಬೆಯವರ ಮೂಢನಂಬಿಕೆಯಾಗಿರಬಹುದು. ಪರದೆಯ ಬಳಿಗೆ ಹೋಗಿ. ಆ ಕಣ್ಣಿನ ಮೇಲೆ ಕೈಯಿಟ್ಟು, ಪ್ರಭುಗಳು ಜೀವಿಸಿದ್ದಾರೆಂದು ಒಂದು ಮಾತು ಹೇಳಿ. ಆಮೇಲೆ ನಿಮ್ಮ ಅಳಿಯನಿಗೆ ನಾನೇ ಕಿರೀಟವಿಡುತ್ತೇನೆ.”

ದೇಮರಸಯ್ಯನು ನಾಲ್ಕು ಹೆಜ್ಜೆ ನಡೆದನು. ಕೈಯೆತ್ತಿದನು. ಇಡೀ ರಾಜ್ಯದಿಂದ ಒಂದು ಸಾವನ್ನು ಮರೆಮಾಚಿದ್ದ ಆ ಕೈ ಬಟ್ಟೆಯ ಮೇಲಿನ ಬೆಳಕಿನ ಚುಕ್ಕೆಯನ್ನು ಮುಟ್ಟಲಾರದೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಮೊಣಕಾಲೂರಿದನು.

“ಜ್ವರ... ಜ್ವರದಲ್ಲೇ ಹೋದರು, ಪ್ರಭು,” ಎಂದು ನೆರಳಿಗೆ ಹೇಳಿದನು. “ನಾನು ಕೊಲ್ಲಲಿಲ್ಲ. ಆದರೆ ಸಂಸ್ಕಾರ ಮಾಡಿಸಲಿಲ್ಲ. ಕ್ಷಮಿಸಿ. ನನ್ನ ಬೆನ್ನ ಹಿಂದೆ ನಿಲ್ಲಬೇಡಿ.”

ದಳವಾಯಿ ಮುದ್ದಪ್ಪನಾಯಕನು ಬಂದು, ಆ ಬೆರಳಿನಿಂದ ಉಂಗುರವನ್ನು ಕಳಚಿ, ಮಹಾರಾಣಿಯ ಪಾದದ ಬಳಿಯಿಟ್ಟು ಕತ್ತಿಯನ್ನು ನೆಲಕ್ಕೆ ಬಾಗಿಸಿದನು. ಪರದೆಯ ಅಂಚಿಗೆ ಕಿಡಿ ತಾಗಿತ್ತು. ತಿಪ್ಪಕ್ಕ ಅದರ ಹಿಂದೆ ಕೈ ಸೋತರೂ ಗೊಂಬೆಯನ್ನಿಳಿಸದೆ ನಿಂತಿದ್ದಳು; ಮಹಾರಾಣಿಯೇ ಒಳಬಂದು, ತೋಳು ಮುಟ್ಟಿ, “ಸಾಕು ತಾಯಿ, ಅವರು ನಮ್ಮನ್ನು ನೋಡಿದರು” ಎಂದ ಮೇಲೆ ಇಳಿಸಿದಳು. ಪೆಟ್ಟಿಗೆಯಲ್ಲಿ ಬೂದಿಯ ಹೊರತು ಏನೂ ಉಳಿದಿರಲಿಲ್ಲ.

ಗಡಿಕೋಟೆಯಲ್ಲಿ ಅರಸನ ಉತ್ತರಕ್ರಿಯೆಗಳು ನಡೆದವು. ಶವವಿದ್ದ ಜಾಗವನ್ನು ತೋರಿಸಲು ಸೆರೆಯಾಳಾಗಿ ಹೋದ ದೇಮರಸಯ್ಯನು ಅಲ್ಲಿಯ ಸೆರೆಮನೆಯಲ್ಲೇ ಉಳಿದನು. ಮಗನ ಹೆಸರಿನಲ್ಲಿ ರಾಜ್ಯಭಾರ ವಹಿಸಿಕೊಂಡ ಹೊನ್ನಾಂಬಿಕೆಯು ಗೊಂಬೆಯವರನ್ನು ಕರೆಸಿ, ಮೊದಲಿಗಿಂತ ವಿಶಾಲವಾದ ಗೊಂಬೆಮನೆಯನ್ನು ಕಟ್ಟಿಸುವೆನೆಂದಳು.

ತಿಪ್ಪಕ್ಕ ನೆಲ ನೋಡುತ್ತ ನಿಂತಳು. ಭಾಗೂಬಾಯಿ ಮೊಣಕೈಯಿಂದ ಅವಳನ್ನು ತಿವಿದು, “ಬ್ಯಾಡ ಅನ್ನು, ಲಗೂನ ಅನ್ನು! ಇವರು ಕಟ್ಟೂದರಾಗ ಭಾಳ ಚುರುಕು” ಎಂದು ಪಿಸುಗುಟ್ಟಿದ್ದು ಸಭೆಗೆಲ್ಲ ಕೇಳಿಸಿತು. ಮಹಾರಾಣಿಯು ಬಹಳ ದಿನಗಳ ಮೇಲೆ ನಕ್ಕಳು. ಮೂಡಣ ಹೆಬ್ಬಾಗಿಲು ಅವರಿಗಾಗಿ ತೆರೆಯಿತು. ಅವರ ಎತ್ತಿನ ಗಾಡಿಯಲ್ಲಿ ಹದಮಾಡಿದ ತೊಗಲಿನ ಹೊರೆಯೊಂದಿತ್ತು. ಅರಸನ ಗೊಂಬೆ ಮಹಾರಾಣಿಯ ಬಳಿಯೇ ಉಳಿದಿತ್ತು; ಗಾಡಿಯಲ್ಲಿ ಗೊಂಬೆ ಒಂದೂ ಇರಲಿಲ್ಲ.

ಹೊಳೆಯಾಚೆಯ ಮೊದಲ ಹಳ್ಳಿಯವರು ರಾವಣನ ಆಟ ಬೇಕೆಂದರು. ತಿಪ್ಪಕ್ಕ ಆಲದ ನೆರಳಿನಲ್ಲಿ ಕುಳಿತು ನೆನಪಿನಿಂದಲೇ ಕೊರೆದಳು. ಹಳೆಯ ರಾವಣನ ಕೋರೆಹಲ್ಲು ಎತ್ತ ತಿರುಗಿತ್ತೆಂಬುದು ಅವಳಿಗೆ ನೆನಪಾಗಲಿಲ್ಲ, ತೋಚಿದತ್ತ ತಿರುಗಿಸಿದಳು. ಭಾಗೂಬಾಯಿ ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿರೀಟದಿಂದ ಪಾದದವರೆಗೆ ಬೆರಳಾಡಿಸಿದಳು. ಹಲ್ಲಿನ ಬಳಿ ಬೆರಳು ನಿಂತಿತು.

“ಇವ ನಮ್ಮ ರಾವಣ ಅಲ್ಲ.”

“ಅಲ್ಲ, ಅತ್ತೀ.”

ಮುದುಕಿ ಇನ್ನೊಮ್ಮೆ ಸವರಿದಳು. ಎದೆಯ ಮೇಲೆ, ತೋಳಿನ ಮೇಲೆ, ಮತ್ತೆ ಆ ಹಲ್ಲಿನ ಮೇಲೆ.

“ಸೊಕ್ಕು ಮಾತ್ರ ಅವನದ. ಹಿಡಿ ಪರದೀಗೆ, ಹಾಡ್ತೀನಿ.”